ಒರೆಗೆ ಹಚ್ಚಿದ ಹತ್ತು ಕಿಲೋಮೀಟರು

ನಾನು ಒಂದು ಮೋಟಾರು ಸೈಕಲ್ಲಿನ ಮೀಟರು. ವೇಗ ತೋರಿಸುವ ಒಂದು ಮುಳ್ಳು, ಅದರ ಕೆಳಗೆ ಓಡಿದ ದೂರವನ್ನು ಎಣಿಸುವ ಐದು ಅಂಕಿಗಳು, ಮೇಲೊಂದು ಗಾಜು: ಇಷ್ಟೇ ನನ್ನ ಶರೀರ. ಹುಟ್ಟಿದ ಕಾರ್ಖಾನೆಯಲ್ಲಿ ಬಿಳಿಯ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಐದು ಸೊನ್ನೆಗಳನ್ನು ಸಾಲಾಗಿ ನಿಲ್ಲಿಸಿ, ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ಮುಂದಕ್ಕೆ ತಳ್ಳಿದಳು. ಆಶೀರ್ವಾದವೆಂದರೆ ಅಷ್ಟೇ.

ಓದುಗರು ಒಂದು ಸಂಗತಿಯನ್ನು ತಿಳಿದಿರಬೇಕು. ಮೀಟರಿನ ಮುಖ ಸದಾ ಸವಾರನ ಕಡೆಗಿರುತ್ತದೆ. ರಸ್ತೆ ನಮಗೆ ಕಾಣುವುದಿಲ್ಲ. ಮುಂದಿನ ಚಕ್ರದಿಂದ ಕೇಬಲ್ಲಿನೊಳಗೆ ಹರಿದು ಬರುವ ತಿರುವುಗಳೇ ನಮ್ಮ ಪಾಲಿನ ರಸ್ತೆ. ಕಣ್ಣಿಗೆ ಬೀಳುವುದು ಯಜಮಾನನ ಗದ್ದ, ಮೂಗಿನ ಹೊಳ್ಳೆ ಮತ್ತು ಮೀಸೆ.

ಮೊದಲ ಯಜಮಾನರು ಗದುಗಿನ ಒಬ್ಬ ಮುಖ್ಯಾಧ್ಯಾಪಕರು. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ. ರಜೆ ಬಂದರೆ ನನ್ನ ಮೇಲೆ ಟವೆಲು. ಆರು ವರ್ಷದಲ್ಲಿ ಹನ್ನೆರಡು ಸಾವಿರ. ಅಲೆಯಲೆಂದೇ ಹುಟ್ಟಿದ ಜೀವಕ್ಕೆ ಅದೊಂದು ಮರ್ಯಾದಸ್ಥ ಸೆರೆವಾಸ. ಅವರು ನಿವೃತ್ತರಾಗಿ ಗಾಡಿಯನ್ನು ಬೆಟಗೇರಿಯ ಮೌನೇಶ ಪತ್ತಾರನಿಗೆ ಮಾರಿದ ದಿನ ನನ್ನ ನಿಜವಾದ ಆಯುಷ್ಯ ಆರಂಭವಾಯಿತು.

ಮೌನೇಶ ತಕ್ಕಡಿ ದುರಸ್ತಿ ಮಾಡುವವನು. ಒಂದು ದಿನ ರೋಣ, ಇನ್ನೊಂದು ದಿನ ಮುಂಡರಗಿ, ಮತ್ತೊಂದು ದಿನ ಗಜೇಂದ್ರಗಡ: ಸಂತೆ ಎಲ್ಲಿಯೋ ಅವನು ಅಲ್ಲಿ. ದುರಸ್ತಿಯಾದ ತಕ್ಕಡಿಯನ್ನು ಪ್ರಮಾಣದ ಕಲ್ಲು ಇಟ್ಟು ತೂಗಿ ತೋರಿಸದೆ ಯಾರ ಕೈಗೂ ಕೊಡುತ್ತಿರಲಿಲ್ಲ. “ಅಳೆಯೂದನ್ನೂ ಒಮ್ಮೆ ಅಳೆದ ನೋಡಬೇಕ್ರಿ” ಎಂಬುದು ಅವನ ಮಾತು. ಅವನ ಮೀಸೆಯೋ, ಎರಡು ಕಡೆಯೂ ಸಮತೂಕದಲ್ಲಿ ಮೇಲೆದ್ದ ತಕ್ಕಡಿಯ ದಂಡ. ಆ ಮೀಸೆಯ ಕೆಳಗೆ ನಾನು ಎಂಬತ್ತೈದು ಸಾವಿರ ಕಿಲೋಮೀಟರು ಎಣಿಸಿದೆ.

ಅವನ ಹೆಂಡತಿ ಕಾಳಮ್ಮನ ತಮ್ಮ ದೇವೇಂದ್ರ. ಊದಿನಕಡ್ಡಿಯ ಏಜೆಂಟ್, ಅವನದೂ ಇದೇ ಜಾತಿಯ ಗಾಡಿ. ಒಂದು ದಿನ ಊಟಕ್ಕೆ ಕೂತಾಗ ಭಾವಮೈದುನರ ನಡುವೆ ಪಂಥವೇ ಬಿದ್ದಿತು: ಯಾರ ಗಾಡಿ ಮೊದಲು ಒಂದು ಲಕ್ಷ ಕಿಲೋಮೀಟರು ಮುಟ್ಟುತ್ತದೆಯೋ ಅವನು ಗೆದ್ದ, ಸೋತವನು ಅಂಗಡಿಯ ಕಟ್ಟೆಯ ಮೇಲೆ, ಓಣಿಯ ಎದುರಿಗೆ, ಮೀಸೆ ಬೋಳಿಸಬೇಕು.

“ಮಾವಾ, ಈಗಿಂದ ಮೀಸಿ ಇಲ್ಲದ ಫೋಟೋ ಒಂದು ತಗಸಿ ರೂಢಿ ಮಾಡ್ಕೋರಿ” ಎಂದ ದೇವೇಂದ್ರ.

“ಲೇ ದೇವ್ಯಾ, ನಿಂದು ಮೀಸಿ ಹೌದೋ ಅಲ್ಲೋ ಅಂತ ಮೊದಲ ಪರೀಕ್ಷಾ ಆಗ್ಲಿ” ಎಂದ ಮೌನೇಶ.

ನಾನು ೯೭,೬೪೦ ತೋರಿಸುತ್ತಿದ್ದಾಗ ಗಜೇಂದ್ರಗಡದ ಸಂತೆಯಲ್ಲಿ ವಿಧಿ ಒಂದು ಹೋತದ ರೂಪದಲ್ಲಿ ಬಂದಿತು. ನಿಲ್ಲಿಸಿದ್ದ ಗಾಡಿಯ ಸೀಟನ್ನು ಹತ್ತಿದ ಆ ಪ್ರಾಣಿಗೆ ನನ್ನ ಗಾಜಿನಲ್ಲಿ ಗಡ್ಡ ಬಿಟ್ಟ ಇನ್ನೊಂದು ಹೋತ ಕಾಣಿಸಿತು. ಎರಡು ಹೆಜ್ಜೆ ಹಿಂದೆ ಸರಿಯಿತು, ತಲೆ ತಗ್ಗಿಸಿತು. ಮುಂದಿನದನ್ನು ವಿವರಿಸಲಾರೆ. ಗಾಜು ಹೋಯಿತು, ಮುಳ್ಳು ಹೋಯಿತು; ಅಂಕಿಗಳು ಮಾತ್ರ ಉಳಿದವು.

ಮೇಸ್ತ್ರಿ ದಾದಾಪೀರ ನನ್ನನ್ನು ಕಳಚಿ, ನನ್ನ ಜಾಗದಲ್ಲಿ ಬೇರೊಂದು ಗಾಡಿಯ ಹೊಸ ಮೀಟರನ್ನು ಅದರದೇ ಹಲ್ಲಿನ ಚಕ್ರದ ಸಮೇತ ಕೂರಿಸಿದ. “ಸ್ವಲ್ಪ ಫರಕ್ ಐತ್ರಿ ಪತ್ತಾರ್ರ, ಆದ್ರ ಬರೋಬ್ಬರಿ ಕುಂತೇತಿ” ಎಂದ. ಹೊಸಬ ಐದು ಸೊನ್ನೆಗಳೊಂದಿಗೆ ಮದುಮಗನಂತೆ ಹೊಳೆಯುತ್ತಿದ್ದ. ದೇವೇಂದ್ರ ಬಂದು ನೋಡಿ ಚಪ್ಪಾಳೆ ಹೊಡೆದ: “ಏನ್ ಮಾವಾ, ನಿಮ್ಮ ಗಾಡಿ ಇವತ್ತ ಹುಟ್ಟೇತೇನ್ರಿ? ಹೆಸರ ಏನ್ ಇಟ್ರಿ?”

ಮೌನೇಶ ಓಣಿಯ ಐವರು ಅಂಗಡಿಕಾರರನ್ನು ಕರೆದು ಪಂಚನಾಮೆ ಬರೆಸಿದ: ಹಳೆಯ ಮೀಟರು ಕಳಚಿದಾಗ ೯೭,೬೪೦, ಹೊಸದು ಸೊನ್ನೆ, ಎರಡನ್ನೂ ಕೂಡಿಸಿ ಲೆಕ್ಕ. ಐವರೂ ಸಹಿ ಹಾಕಿದರು. ಯಾರೂ ಅಂಕಿ ತಿರುಗಿಸಬಾರದೆಂದು ಅವನು ನನ್ನ ಹೊಟ್ಟೆಗೆ ತಂತಿ ಸುತ್ತಿ, ತಕ್ಕಡಿಗೆ ಒತ್ತುವಂತೆ ಸೀಸದ ಮುದ್ರೆ ಒತ್ತಿದ. ಬಳಿಕ ಪಾರದರ್ಶಕವಾದ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಗಾಡಿಯ ಹಿಂದಿನ ಕ್ಯಾರಿಯರಿಗೆ ಕಟ್ಟಿದ. ಸಂತೆಯಲ್ಲಿ ಯಾರಾದರೂ ಸಂಶಯಪಟ್ಟರೆ ತೋರಿಸಬೇಕಲ್ಲ. ಹೀಗೆ ನಾನು ಬಾಳಿನಲ್ಲಿ ಮೊದಲ ಬಾರಿಗೆ ರಸ್ತೆಯನ್ನು ಕಂಡೆ. ಅದು ಹಿಂದಕ್ಕೆ ಓಡುತ್ತಿತ್ತು. ಸೂರ್ಯಕಾಂತಿಯ ಹೊಲಗಳು, ಗಾಳಿಗಿರಣಿಗಳು, ಎತ್ತುಗಳ ಬಾಲ! ಎಣಿಸುವ ಕೆಲಸವಿಲ್ಲದವನಿಗೆ ಲೋಕ ಎಷ್ಟು ವಿಶಾಲ!

ಒಂದು ಶನಿವಾರ ಹೊಸಬ ೨,೩೬೦ ತೋರಿಸಿದ. ಕೂಡಿಸಿದರೆ ಲಕ್ಷ! ದೇವೇಂದ್ರನ ಗಾಡಿಗೆ ಇನ್ನೂ ತೊಂಬತ್ತೈದು ಬಾಕಿ. ಮೌನೇಶ ಊರಿಗೆಲ್ಲ ಸಾರಿದ. ಮರುದಿನ ಹನ್ನೊಂದು ಗಂಟೆಗೆ ಕ್ಷೌರಿಕ ರುದ್ರಪ್ಪನಿಗೆ ಬರಹೇಳಿದ್ದಾಯಿತು. ಕಾಳಮ್ಮ ಹೂರಣ ರುಬ್ಬಿದಳು.

ಭಾನುವಾರ ಬೆಳಿಗ್ಗೆ ಮೌನೇಶ ರೋಣದ ದಾರಿಯ ಒಂದು ಹಳ್ಳಿಗೆ ತಕ್ಕಡಿ ಕೊಡಲು ಹೋದ. ಎಂದಿನಂತೆ ಕಲ್ಲು ಇಟ್ಟು ತೂಗಿ ತೋರಿಸಿದ. ಅಂಗಡಿಯ ಅಜ್ಜಿ ಕೈ ಒರೆಸಿಕೊಳ್ಳುತ್ತ, “ಎಲ್ಲಾರ ತಕ್ಕಡಿನೂ ತೂಗಿ ನೋಡ್ತೀಯಪಾ. ನಿನ್ನ ಹೊಸಾ ಮೀಟರ್ ತೂಗೀಯೇನು?” ಎಂದಳು. ಅವಳು ನಗೆಗೆ ಅಂದದ್ದು. ಅವನು ನಗಲಿಲ್ಲ.

ಮರಳುವ ದಾರಿಯಲ್ಲಿ ಒಂದು ಕಿಲೋಮೀಟರು ಕಲ್ಲಿನ ಬಳಿ ನಿಂತು, ಹೊಸಬನ ಅಂಕಿ ನೋಡಿಕೊಂಡು, ಅಲ್ಲಿಂದ ಮುಂದಿನ ಹತ್ತನೆಯ ಕಲ್ಲಿನವರೆಗೆ, ಸರಿಯಾಗಿ ಹತ್ತು ಕಿಲೋಮೀಟರು, ಓಡಿಸಿದ. ಹೊಸಬ ಹನ್ನೊಂದು ತೋರಿಸಿದ. ತಿರುಗಿ ಓಡಿಸಿದ. ಮತ್ತೆ ಹನ್ನೊಂದು. ಮೌನೇಶ ಕಲ್ಲಿನ ಮೇಲೆ ಕುಳಿತು ಅಂಗೈಯಲ್ಲಿ ಲೆಕ್ಕ ಬರೆದ. ಹೊಸಬನ ೨,೩೬೦ ನಿಜಕ್ಕೆ ೨,೧೪೫. ಸಾರಿದ ಲಕ್ಷಕ್ಕೆ ಇನ್ನೂರ ಹದಿನೈದು ಕಡಿಮೆ. ಇದನ್ನು ಅರಿತವರು ಲೋಕದಲ್ಲಿ ಇಬ್ಬರೇ: ಅವನು ಮತ್ತು ಡಬ್ಬಿಯಲ್ಲಿದ್ದ ನಾನು. ನನಗೆ ಬಾಯಿಲ್ಲ. ಅವನು ಮೀಸೆಯನ್ನು ಒಂದು ಸಲ ನೇವರಿಸಿದ, ಎದ್ದ, ಅಂಗೈಯನ್ನು ಒರೆಸಿಕೊಳ್ಳದೆ ಗಾಡಿ ಹತ್ತಿದ.

ಕಟ್ಟೆಯ ಮೇಲೆ ರುದ್ರಪ್ಪ ಕತ್ತಿ ಮಸೆಯುತ್ತಿದ್ದ. ದೇವೇಂದ್ರ ವಸ್ತ್ರ ಹೊದ್ದು ಕುಳಿತಿದ್ದ. ಮೌನೇಶ ಅಂಗೈ ಚಾಚಿ ತೋರಿಸಿದ. “ಏಳಲೇ ದೇವ್ಯಾ. ನನ್ನ ಮೀಟರ್ ಸುಳ್ಳ ಹೇಳೇತಿ.”

ಮೊದಲು ಬಾಯಿ ಬಿಟ್ಟವನು ದೇವೇಂದ್ರನೇ: “ಹಂಗಾದ್ರ ಹಳೇದು ಖರೇ ಹೇಳೇತಿ ಅಂತ ಯಾರ್ ಹೇಳ್ಯಾರ್ರಿ ಮಾವಾ?”

ನನ್ನ ಸ್ಥಿತಿಯನ್ನು ಊಹಿಸಿರಿ. ಹದಿನೆಂಟು ವರ್ಷ ಎಣಿಸಿದ್ದೆ. ಸರಿಯಾಗಿ ಎಣಿಸಿದ್ದೇನೆಯೇ ಎಂದು ಯಾರೂ, ನಾನೂ, ಕೇಳಿರಲಿಲ್ಲ. ನಾನು ಸುಳ್ಳಾದರೆ ಮೌನೇಶನ ಅಷ್ಟೂ ಸಂತೆಗಳ ಓಡಾಟ ಸುಳ್ಳು. ಆದರೂ ಅವನು ಎಲ್ಲರನ್ನೂ ಕಲ್ಲಿನ ಬಳಿಗೆ ಕರೆದೊಯ್ದು, ಐವರ ಎದುರಿನಲ್ಲಿ ಮುದ್ರೆ ಕತ್ತರಿಸಿದ. ದಾದಾಪೀರ ಹೊಸಬನನ್ನು ಬಿಚ್ಚಿ, ಹಳೆಯ ಹಲ್ಲಿನ ಚಕ್ರ ಹಾಕಿ, ನನ್ನನ್ನು ಟ್ಯೂಬಿನ ರಬ್ಬರಿನಿಂದ ಬಿಗಿದ. ಮೌನೇಶ ಗಾಡಿ ಹೊರಡಿಸಿದ. ಕೇಬಲ್ಲಿನೊಳಗೆ ಪರಿಚಿತ ತಿರುವು ಹರಿದು ಬಂತು. ಗಾಜಿಲ್ಲದ ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಒಂದು ಕಲ್ಲು, ಎರಡು, ಐದು, ಒಂಬತ್ತು… ಹತ್ತನೆಯದರ ಎದುರಿಗೆ ಚಕ್ರ ನಿಂತಾಗ ನನ್ನ ಕೊನೆಯ ಅಂಕಿ ಟಕ್ಕೆಂದು ಸೊನ್ನೆಗೆ ಕೂತಿತು. ೯೭,೬೫೦.

“ಹಳೇದು ಬಂಗಾರ ಐತ್ರಿ!” ಎಂದು ದಾದಾಪೀರ ಕೂಗಿದ.

“ಹಳೇದು ಬಂಗಾರ, ಲಕ್ಷ ಮಾತ್ರ ಆಗಿಲ್ಲ” ಎಂದ ಮೌನೇಶ. ಈಗಲೂ ಓಡಿಸಿ ಮುಟ್ಟಬಹುದು ಎಂದು ಯಾರೋ ಹೇಳಿದರೆ ತಲೆಯಾಡಿಸಿಬಿಟ್ಟ: “ಒಮ್ಮೆ ತಪ್ಪ ತೂಕ ಕೂಗಿದವ ಸೋತಂಗ.”

ಬಾಕಿ ತೊಂಬತ್ತೈದು ಮುಗಿಸಲು ದೇವೇಂದ್ರ ಗಾಡಿಯೇರಿ ಮಾಯವಾದ. ಮೂರು ತಾಸಿನ ಮೇಲೆ ಧೂಳು ಮೆತ್ತಿಕೊಂಡು ಬಂದು ತನ್ನ ಮೀಟರನ್ನು ತೋರಿಸಿದ. ಐದೇ ಅಂಕಿಗಳ ಜಾತಿ ನಮ್ಮದು. ಲಕ್ಷಕ್ಕೆ ಮತ್ತೆ ಐದು ಸೊನ್ನೆ. ಕಾಳಮ್ಮ ಬಗ್ಗಿ ನೋಡಿ, “ಇದೇನ್ ತಮ್ಮಾ, ಇದಕ್ಕ ತೊಟ್ಟಿಲಾ ತರಲ್ಯಾ?” ಎಂದಳು. ನಗು ಅಡಗುವ ಮೊದಲೇ ರುದ್ರಪ್ಪ ಮೌನೇಶನ ಗಲ್ಲಕ್ಕೆ ನೊರೆ ಬಳಿದಿದ್ದ. ಅಷ್ಟು ವರ್ಷ ಕೆಳಗಿನಿಂದ ನೋಡಿದ ಮುಖದಲ್ಲಿ ಮೇಲ್ದುಟಿಯೊಂದಿದೆ ಎಂದು ನಾನು ಅಂದೇ ಅರಿತೆ. ಹೋಳಿಗೆ ತಿನ್ನುವಾಗ ಅದು ಚೆನ್ನಾಗಿಯೇ ಕಾಣುತ್ತಿತ್ತು.

ಈಗ ನಾನು ಬೆಟಗೇರಿಯ ಅಂಗಡಿಯಲ್ಲಿ, ಹಿತ್ತಾಳೆಯ ತೂಕದ ಕಲ್ಲುಗಳ ಪಕ್ಕದಲ್ಲಿದ್ದೇನೆ. ಬದುಕಿನುದ್ದಕ್ಕೂ ಎಣಿಸಿದ್ದರಲ್ಲಿ ಒರೆಗೆ ಹಚ್ಚಿದ್ದು ಹತ್ತೇ. ಉಳಿದದ್ದೆಲ್ಲ ಆ ಹತ್ತರ ಮೇಲೆ ನಿಂತಿದೆ. ಸುದ್ದಿ ಹಬ್ಬಿ, ಭಾನುವಾರಗಳಂದು ಜನ ತಮ್ಮ ಗಾಡಿಗಳನ್ನು ಕಲ್ಲಿಗೆ ಹಿಡಿಸಲು ಮೌನೇಶನ ಹಿಂದೆ ಹೋಗುತ್ತಾರೆ. ಅವನ ವ್ಯಾಪಾರವೂ ಹೆಚ್ಚಿದೆ. ದೇವೇಂದ್ರನೊಬ್ಬ ಮಾತ್ರ ತನ್ನ ಗಾಡಿಯನ್ನು ಕಲ್ಲಿಗೆ ಹಿಡಿಸಿಲ್ಲ. ಅವನು ಆ ರಸ್ತೆಗೆ ಬಂದರೆ ಕಲ್ಲುಗಳಿಲ್ಲದ ಮಗ್ಗುಲನ್ನೇ ನೋಡುತ್ತ ಸವಾರಿ ಮಾಡುತ್ತಾನಂತೆ.

“ದೇವ್ಯಾ, ನಿಂದೂ ಒಮ್ಮೆ ನೋಡೂಣೇನೋ?” ಎಂದು ಮೌನೇಶ ಎಂದೂ ಕೇಳುವುದಿಲ್ಲ. ದೇವೇಂದ್ರ ಅಂಗಡಿಗೆ ಬಂದಾಗಲೆಲ್ಲ ಅವನೆದುರು ಬಟ್ಟೆಯೊಂದನ್ನು ತೆಗೆದುಕೊಂಡು, ನಿಧಾನವಾಗಿ ನನ್ನ ಧೂಳು ಒರೆಸುತ್ತಾನೆ, ಅಷ್ಟೇ.