‘ಬಾ’ನೋ, ‘ಬನ್ನಿ’ನೋ

ಮರೆತುಹೋಗಿದೆ ಎಂದುಬಿಡಲೇ? ಮರೆಯುವುದು ದೊಡ್ಡ ಅಪರಾಧವೇನಲ್ಲ. ಜನ ಛತ್ರಿ ಮರೆಯುತ್ತಾರೆ, ಹೆಂಡತಿಯ ಹುಟ್ಟುಹಬ್ಬ ಮರೆಯುತ್ತಾರೆ. ಪಾಸ್‌ವರ್ಡ್ ಮರೆತರೆ ಯಾರು ಕೇಳುತ್ತಾರೆ? ಆದರೆ ಮರೆತೆ ಎಂದರೆ ಅಮ್ಮನ ಹಾಡು ಹೋಯಿತು. ನೆನಪಿದೆ ಎಂದರೆ ನನ್ನ ಮಾನ ಹೋಯಿತು. ಎರಡರಲ್ಲಿ ಯಾವುದು ಹೋದರೆ ವಾಸಿ?

ಫೋನಿನ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ, ಬ್ಯಾಂಡೇಜು ಸುತ್ತಿದ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿಕೊಂಡು ಕೂತು ಗ್ಯುಸಾಂಗ್ ಇದನ್ನೇ ತೂಗಿನೋಡುತ್ತಿದ್ದ.

“ಏನಪ್ಪಾ, ಧ್ಯಾನಕ್ಕೆ ಕೂತ್ಯಾ?” ಎಂದಳು ಅಮ್ಮ. ಹಾಡಿ ಹಾಡಿ ಅವಳ ಗಂಟಲು ಬೆಳಿಗ್ಗೆಯಿಂದ ಕಟ್ಟಿಹೋಗಿತ್ತು. ಮಾತು ಎಣ್ಣೆ ಕಾಣದ ಗೇಟಿನ ಹಾಗೆ ಕಿರುಗುಟ್ಟಿಕೊಂಡು ಬರುತ್ತಿತ್ತು. “ಪಾಸ್‌ವರ್ಡ್ ಹೇಳೋ. ಸಂಜೆಯೊಳಗೆ ಕಳಿಸ್ಲಿಲ್ಲ ಅಂದ್ರೆ ಆ ಒಣಮೀನಿನವಳು ಗೆಲ್ತಾಳೆ. ಅವಳ ಧ್ವನಿ ಕೇಳಿದೀಯಲ್ಲ? ಅವಳ ಮೀನೇ ವಾಸಿ.”

ಕೊರಿಯಾದ ಬಂದರು ಊರು ಗುನ್ಸಾನಿನ ಪೇಟೆ ಸಂಘದವರು ವ್ಯಾಪಾರಿಗಳಿಗೆ ಹಾಡಿನ ಸ್ಪರ್ಧೆ ಇಟ್ಟಿದ್ದರು. ಮೊದಲ ಸುತ್ತಿಗೆ ವಿಡಿಯೋ ಕಳಿಸಬೇಕು, ಇವತ್ತೇ ಕೊನೆ. ಕಳೆದ ವಾರ ಅಮ್ಮ ಪಕ್ಕದ ಬಟ್ಟೆ ಅಂಗಡಿಯಿಂದ ಮಿಂಚಿನ ಚುಕ್ಕಿಗಳ ಜಾಕೀಟು ಎರವಲು ತಂದು ತೊಟ್ಟು ಹಾಡಿದ್ದಳು, ಗ್ಯುಸಾಂಗ್ ತನ್ನ ಫೋನಿನಲ್ಲಿ ತೆಗೆದಿದ್ದ. ಇವತ್ತು ಬೆಳಿಗ್ಗೆ ಅದನ್ನು ಇನ್ನೊಮ್ಮೆ ನೋಡೋಣವೆಂದು ಅಮ್ಮನ ತಳ್ಳುಗಾಡಿಯ ತಿಂಡಿ ಅಂಗಡಿಯ ಮುಂದೆ ನಿಂತು ಫೋನು ತೆಗೆದ. ಅದು ಜಾರಿ, ಒಮುಕ್ ಎಂಬ ಮೀನುಹಿಟ್ಟಿನ ತಿಂಡಿಯ ಕಡ್ಡಿಗಳು ಬೇಯುವ ಮೀನುಸಾರಿನ ಹಂಡೆಗೆ ಬಿತ್ತು.

“ಬಲಗೈ ಹಾಕ್ದ, ಬೆಂತು,” ಎಂದು ಅಮ್ಮ ಅಂಗಡಿಯ ಹುಡುಗಿಗೆ ಮತ್ತೊಮ್ಮೆ ವರದಿ ಒಪ್ಪಿಸಿದಳು. “ಬೆಂದ ಮೇಲೆ ಏನು ಮಾಡ್ದ ಗೊತ್ತಾ ಉನ್‌ಜೋ? ಎಡಗೈ ಹಾಕ್ದ! ಎಂ.ಎ. ಮಾಡ್ದೋನು. ಪಕ್ಕದಲ್ಲೇ ಸೌಟು ಇತ್ತು ಕಣೇ. ತತ್ವಶಾಸ್ತ್ರದಲ್ಲಿ ಸೌಟು ಬರಲ್ಲ ಅಂತ ಕಾಣುತ್ತೆ.”

ಉನ್‌ಜೋ ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. ಅವಳು ಈ ಅಂಗಡಿಗೆ ಬಂದು ಎರಡು ವರ್ಷವಾಗಿತ್ತು. ದಪ್ಪ ಗಾಜಿನ ಕನ್ನಡಕ, ಯಾವಾಗಲೂ ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು. ಮಧ್ಯಾಹ್ನ ರಸ್ತೆ ದಾಟಿ ಬಂದು ಅಮ್ಮನ ಗಾಡಿಯ ಮುಂದೆ ನಿಂತು ಒಂದು ಕಡ್ಡಿ ಒಮುಕ್ ತಿನ್ನುವಳು. ಗ್ಯುಸಾಂಗ್ ಕಾಗದದ ಲೋಟಕ್ಕೆ ಸಾರು ಹೊಯ್ದು ಕೊಟ್ಟು “ಉಪ್ಪು ಸಾಕಾ?” ಎಂದು ಕೇಳುವನು. “ಸಾಕು” ಎನ್ನುವಳು. ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ಆದ ಮಾತುಕತೆ ಹೆಚ್ಚುಕಡಿಮೆ ಇಷ್ಟೇ. ಉಳಿದದ್ದನ್ನೆಲ್ಲ ಅವನು ತನ್ನ ಪಿಎಚ್.ಡಿ. ಪ್ರಬಂಧಕ್ಕೆ ಉಳಿಸಿಕೊಂಡಿದ್ದ. ಪ್ರಬಂಧದ ವಿಷಯ ಮೌನ. “ಸುಮ್ಮನಿರೋದರ ಬಗ್ಗೆ ಮುನ್ನೂರು ಪುಟ ಬರ್ದಿದಾನೆ, ಇನ್ನೂ ಮುಗ್ದಿಲ್ಲ,” ಎಂದು ಅಮ್ಮ ಗಿರಾಕಿಗಳಿಗೆ ಹೇಳುತ್ತಿದ್ದಳು.

“ಹೆದರ್ಬೇಡಿ,” ಎಂದಳು ಉನ್‌ಜೋ. “ಹಳೇ ಫೋನು ಸಾರಲ್ಲಿ ಬಿದ್ರೂ ವಿಡಿಯೋ ಕ್ಲೌಡಲ್ಲಿ ಇರುತ್ತೆ. ಪಾಸ್‌ವರ್ಡ್ ಕೊಟ್ರೆ ಫೋಟೋ, ವಿಡಿಯೋ, ನಂಬರು ಎಲ್ಲಾ ಹೊಸ ಫೋನಿಗೆ ತಾವಾಗೇ ಇಳೀತವೆ.”

“ಮೋಡದಲ್ಲಿದೆಯಂತೆ,” ಎಂದು ಅಮ್ಮ ಚಾವಣಿ ನೋಡಿದಳು. “ನಾನು ಬದುಕಿರೋವಾಗ್ಲೇ ನನ್ನ ಹಾಡು ಸ್ವರ್ಗ ಸೇರ್ಕೊಂಡಿದೆ. ಇಳಿಸ್ರೋ ಬೇಗ.”

ಅಷ್ಟು ಹೊತ್ತಿಗೆ ಗ್ಯುಸಾಂಗ್ ಹೊಸ ಫೋನಿನ ಮೇಲೆ ಮೂಗಿನ ತುದಿಯಿಂದ ಮೂರು ಸಲ ಪ್ರಯತ್ನಿಸಿ ಸೋತಿದ್ದ. ಅವನ ಮೂಗು ಚಿಕ್ಕದೇನಲ್ಲ. ಒಂದು ಅಕ್ಷರಕ್ಕೆ ಇಳಿದರೆ ನೆರೆಹೊರೆಯ ಎರಡನ್ನೂ ಕರೆದುಕೊಂಡೇ ಮೇಲೇಳುತ್ತಿತ್ತು.

“ಇನ್ನು ಎರಡೇ ಸಲ,” ಎಂದಳು ಉನ್‌ಜೋ, ಪರದೆಯ ಮೇಲಿನ ಎಣ್ಣೆಯನ್ನು ಒರೆಸುತ್ತ. “ಅದೂ ತಪ್ಪಿದ್ರೆ ನಾಳೆವರೆಗೂ ಬೀಗ. ನಾಳೆ ಅಂದ್ರೆ ನಿಮ್ಮಮ್ಮನ ಸ್ಪರ್ಧೆ ಮುಗೀತು. ನೀವು ಹೇಳಿ, ನಾನು ಒತ್ತುತೀನಿ.”

ತೊಂದರೆ ಇದ್ದದ್ದೇ ಅಲ್ಲಿ. ಅವನ ಪಾಸ್‌ವರ್ಡು ದೇಶದ ಅರ್ಧ ಜನರ ಪಾಸ್‌ವರ್ಡಿನಂತೆಯೇ ಇತ್ತು. ಕಂಪ್ಯೂಟರಿನ ಪ್ರತಿ ಕೀಲಿಯ ಮೇಲೂ ಒಂದು ಇಂಗ್ಲಿಷ್ ಅಕ್ಷರ, ಒಂದು ಕೊರಿಯನ್ ಅಕ್ಷರ. ಇಂಗ್ಲಿಷಿಗೆ ತಿರುಗಿಸಿಟ್ಟು ಮನಸ್ಸಿನಲ್ಲಿರುವ ಕೊರಿಯನ್ ಮಾತನ್ನೇ ಕುಟ್ಟಿದರೆ, ಪರದೆಯ ಮೇಲೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬೀಳುತ್ತದೆ. ಕಳ್ಳನಿಗೆ ಅದು ಅರ್ಥವಾಗುವುದಿಲ್ಲ, ಒಡೆಯನಿಗೆ ಮರೆಯುವುದಿಲ್ಲ. ಎರಡು ವರ್ಷದ ಹಿಂದೆ ಕ್ಲೌಡಿನವರು ಹೊಸ ಪಾಸ್‌ವರ್ಡ್ ಕೇಳಿದ ದಿನ ಗ್ಯುಸಾಂಗನ ಮನಸ್ಸಿನಲ್ಲಿ ಒಂದೇ ಒಂದು ಮಾತಿತ್ತು. ಬಾಯಿಗೆ ಬರಲೊಲ್ಲದ್ದು ಬೆರಳಿಗೆ ಬಂದಿತ್ತು. ಅದು ಹೀಗಿತ್ತು: ಉನ್‌ಜೋ ಅವರೇ, ಊಟಕ್ಕೆ ಬಾ.

“ಕೊರಿಯನ್ ಮಾತಾ?” ಎಂದು ಉನ್‌ಜೋ ಕೇಳಿದಳು. “ಎಲ್ಲರದ್ದೂ ಅದೇ ಬಿಡಿ. ಮಾತು ಹೇಳಿ, ಕಂಪ್ಯೂಟರಲ್ಲಿ ಕುಟ್ಟಿ ಯಾವ್ಯಾವ ಇಂಗ್ಲಿಷ್ ಅಕ್ಷರ ಬೀಳುತ್ತೆ ನೋಡ್ತೀನಿ. ಆಮೇಲೆ ಅದನ್ನ ಫೋನಿಗೆ ಹಾಕಿದ್ರಾಯ್ತು.”

“ಮಾತು ಬೇಡ,” ಎಂದ ಗ್ಯುಸಾಂಗ್.

“ಯಾಕೆ?”

“ಅದು... ಖಾಸಗಿ.”

“ನಾಯಿಮರಿ ಹೆಸರು ಇಟ್ಟಿರ್ತಾನೆ ಬಿಡು,” ಎಂದಳು ಅಮ್ಮ.

“ಕೀಲಿಮಣೆ ಈ ಕಡೆ ತಿರುಗಿಸಿ. ನಾನೇ...”

“ನನ್ನ ಕೀಲಿಮಣೆ ಮೇಲೆ ಮೂಗಿಟ್ರೆ ನೋಡಿ!” ಎಂದು ಉನ್‌ಜೋ ಅದನ್ನು ಎದೆಗವಚಿಕೊಂಡಳು.

ಆಗ ಗ್ಯುಸಾಂಗನಿಗೆ ಉಪಾಯ ಹೊಳೆಯಿತು. ಮಾತು ಹೇಳುವುದು ಬೇಡ, ಕೀಲಿಗಳನ್ನು ನೋಡಿಕೊಂಡು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಒಂದೊಂದಾಗಿ ಹೇಳುವುದು. ಕೇಳಿಸಿಕೊಂಡವರಿಗೆ ಅದು ಬರೀ ಗದ್ದಲ. ಇಷ್ಟು ಸುಲಭದ ದಾರಿ ಇರುವಾಗ ಬೆಳಿಗ್ಗೆಯಿಂದ ಎದೆ ಸುಟ್ಟುಕೊಂಡೆನಲ್ಲ ಎಂದು ಅವನಿಗೆ ನಗು ಬಂತು. ಕೈ ಸುಟ್ಟದ್ದು ನೆನಪಾಗಿ ನಗು ನಿಂತಿತು.

“ಡಿ,” ಎಂದ.

ಉನ್‌ಜೋ ಒತ್ತಿದಳು.

“ಎಂ. ಎಸ್.”

ಅವಳು ಒತ್ತಿದಳು. ಒತ್ತಿ, ಪರದೆ ನೋಡಿ, ಹುಬ್ಬು ಒಂದಿಷ್ಟು ಮೇಲೆತ್ತಿದಳು.

“ಡಬ್ಲ್ಯೂ. ಎಚ್.”

ಈ ಸಲ ಅವಳ ಬೆರಳು ಕೀಲಿಯ ಮೇಲೇ ನಿಂತಿತು.

“ಮುಂದೆ?” ಎಂದಳು. ಧ್ವನಿ ತುಸು ಸಣ್ಣಗಾಗಿತ್ತು.

“ದೊಡ್ಡ ಟಿ. ಎಲ್. ಕ್ಯೂ. ಕೆ. ಕ್ಯೂ.”

ಹೇಳುತ್ತ ಹೇಳುತ್ತ ಅವನಿಗೆ ಉತ್ಸಾಹ ಏರಿತ್ತು. ಎಂಥ ಗುಟ್ಟನ್ನು ಎಷ್ಟು ರಾಜಾರೋಷವಾಗಿ, ಅವಳಿಗೇ, ಅವಳ ಬೆರಳಿನಿಂದಲೇ ಬರೆಸುತ್ತಿದ್ದೇನೆ! ಮುಂದಿನ ಅಕ್ಷರಕ್ಕೆಂದು ತಲೆಯೆತ್ತಿದವನ ಕಣ್ಣು ಅವಳ ಕನ್ನಡಕದ ಮೇಲೆ ಬಿತ್ತು. ದಪ್ಪ ಗಾಜಿನಲ್ಲಿ ಪರದೆ ಪ್ರತಿಫಲಿಸುತ್ತಿತ್ತು. ಅದರಲ್ಲಿದ್ದದ್ದು ಇಂಗ್ಲಿಷ್ ಅಲ್ಲ. ಉಲ್ಟಾ ಕಂಡರೂ ಓದಬಹುದಾಗಿದ್ದ ದುಂಡನೆಯ ಕೊರಿಯನ್ ಅಕ್ಷರಗಳಲ್ಲಿ, ಎಡಗಣ್ಣಿಗೊಂದು ಬಲಗಣ್ಣಿಗೊಂದು, “ಉನ್‌ಜೋ ಅವರೇ, ಊಟಕ್ಕೆ” ಎಂದಿತ್ತು.

ಅವಳು ಭಾಷೆ ಬದಲಾಯಿಸುವ ಗುಂಡಿ ಒತ್ತಿರಲಿಲ್ಲ. ಅಂಗಡಿಯ ಕಂಪ್ಯೂಟರು ಬೆಳಿಗ್ಗೆಯಿಂದಲೂ ಕೊರಿಯನ್ನಿನಲ್ಲೇ ಇತ್ತು.

ಗ್ಯುಸಾಂಗ್ ಬಾಯಿ ಮುಚ್ಚಿದ. ಉನ್‌ಜೋ ಕೂಡ ಏನೂ ಅನ್ನಲಿಲ್ಲ. ಮೌನದ ಮೇಲೆ ಮುನ್ನೂರು ಪುಟ ಬರೆದವನಿಗೆ ಇಂಥದ್ದೊಂದು ಮೌನ ಇದೆಯೆಂಬುದೇ ಗೊತ್ತಿರಲಿಲ್ಲ. ಅದರೊಳಗೆ ಹೊರಗಿನ ಮೀನಿನ ಗಾಡಿಯ ಕೂಗು, ಚಾರ್ಜಿಗಿಟ್ಟ ಯಾವುದೋ ಫೋನಿನ ಗುಂಯ್‌ಗುಡುವಿಕೆ, ತನ್ನ ಕಿವಿಯೊಳಗಿನ ಡೋಲು ಎಲ್ಲ ಸೇರಿದ್ದವು. ಅವಳ ಕಿವಿ ನಿಧಾನಕ್ಕೆ ಕೆಂಪಾಗುತ್ತಿತ್ತು, ಪೆನ್ನು ಸಿಕ್ಕಿಸಿದ್ದ ಕಡೆ ಮೊದಲು.

“ಏನಾಯ್ತು? ಕರೆಂಟ್ ಹೋಯ್ತಾ?” ಎಂದಳು ಅಮ್ಮ. ಕನ್ನಡಕವನ್ನು ಗಾಡಿಯಲ್ಲೇ ಬಿಟ್ಟುಬಂದಿದ್ದರಿಂದ ಅವಳಿಗೆ ಪರದೆಯ ಮೇಲೆ ಇರುವೆ ಸಾಲು ಮಾತ್ರ ಕಾಣುತ್ತಿತ್ತು.

“ಏನಿಲ್ಲಮ್ಮ,” ಎಂದಳು ಉನ್‌ಜೋ. “ಕೊನೇ ಪದ ಒಂದು ಬಾಕಿ.”

ಗ್ಯುಸಾಂಗ್ ತನ್ನ ಬ್ಯಾಂಡೇಜನ್ನೇ ನೋಡುತ್ತ ಕೂತ. ಉನ್‌ಜೋ ಸ್ವಲ್ಪ ಕಾದು, ತಾನೇ ಊಹಿಸಿ ಟಕಟಕನೆ ಮುಗಿಸಿದಳು. ಗುಂಡಿಯೊತ್ತಿ, ಅದನ್ನೆಲ್ಲ ಇನ್ನೊಮ್ಮೆ ಇಂಗ್ಲಿಷಿನಲ್ಲಿ ಕುಟ್ಟಿ, ಬಿದ್ದ ಅಕ್ಷರಗಳನ್ನು ನೋಡಿಕೊಂಡು ಹೊಸ ಫೋನಿಗೆ ಹಾಕಿದಳು. ಫೋನು ನಡುಗಿತು. ಪರದೆಯ ಮೇಲೆ ಕೆಂಪು ಸಾಲು ಬಂತು: ತಪ್ಪು.

“ಅಯ್ಯಯ್ಯೋ!” ಎಂದು ಅಮ್ಮ ಕಿರುಗುಟ್ಟಿದಳು. “ಹೋಯ್ತು, ಒಣಮೀನು ಗೆದ್ಲು!”

“ಇನ್ನೊಂದು ಸಲ ಇದೆ,” ಎಂದು ಉನ್‌ಜೋ ಗ್ಯುಸಾಂಗನತ್ತ ಬಾಗಿ, ಅಂಗಡಿಯವಳು ಗಿರಾಕಿಗೆ ಕೇಳುವ ಗಂಭೀರ ಧ್ವನಿಯಲ್ಲೇ ಕೇಳಿದಳು: “‘ಬನ್ನಿ’ ಅಲ್ವಾ?”

ಅಲ್ಲವೆಂದು ಅವನು ತಲೆಯಲ್ಲಾಡಿಸಿದ.

“‘ಬರ್ತೀರಾ’?”

ಮತ್ತೆ ತಲೆಯಲ್ಲಾಡಿಸಿದ.

“‘ದಯವಿಟ್ಟು’ ಏನಾದ್ರೂ ಇದ್ಯಾ?”

“ಇಲ್ಲ.”

“ಮತ್ತೆ?” ಎಂದವಳ ಕಣ್ಣು ಕನ್ನಡಕದ ಹಿಂದೆ ದೊಡ್ಡದಾಯಿತು. “‘ಬಾ’ನಾ?”

ಗ್ಯುಸಾಂಗ್ ಬ್ಯಾಂಡೇಜಿನ ಕೈಗಳಲ್ಲಿ ಮುಖ ಮುಚ್ಚಿಕೊಳ್ಳಲು ಹೋಗಿ, ನೋವಾಗಿ, ಹಾಗೇ ತಲೆಯಾಡಿಸಿದ. ಹೌದು.

“ಮೊದಲಿಗೆ ‘ಅವರೇ’, ಕೊನೆಗೆ ‘ಬಾ’? ಇದ್ಯಾವ ವ್ಯಾಕರಣ ರೀ? ಎರಡು ವರ್ಷದಿಂದ ಬನ್ನಿ, ತಗೊಳ್ಳಿ, ಉಪ್ಪು ಸಾಕಾ ಅಂತ ಅಷ್ಟು ಮರ್ಯಾದೆ ಮಾಡ್ತೀರಿ. ಒಳಗೊಳಗೇ ಏಕವಚನನಾ?”

“ಒಳಗೆ... ಪರಿಚಯ ಜಾಸ್ತಿ ಆಗಿತ್ತು,” ಎಂದ ಗ್ಯುಸಾಂಗ್.

ಉನ್‌ಜೋಗೆ ಇನ್ನು ತಡೆಯಲಾಗಲಿಲ್ಲ. ಮೇಜಿಗೆ ಹಣೆಯಿಟ್ಟು ನಕ್ಕಳು. ಕಿವಿಯ ಪೆನ್ನು ನೆಲಕ್ಕೆ ಬಿತ್ತು. ಅವಳು ನಕ್ಕದ್ದು ನೋಡಿ ಅವನಿಗೂ ನಗು ಹತ್ತಿತು. ಸ್ಟೂಲು ಸುತ್ತುವ ಜಾತಿಯದ್ದಾದ್ದರಿಂದ ನಕ್ಕ ರಭಸಕ್ಕೆ ಅರ್ಧ ಸುತ್ತು ತಿರುಗಿ ಗೋಡೆಗೆ ಮುಖ ಮಾಡಿದ. ಕೈಯಿಂದ ಏನನ್ನೂ ಹಿಡಿದು ತಿರುಗಿಕೊಳ್ಳುವಂತಿಲ್ಲ. ಅಮ್ಮನೇ ಅವನ ಭುಜ ಹಿಡಿದು ಸಾಮಾನು ತಿರುಗಿಸಿಡುವಂತೆ ಮತ್ತೆ ಇತ್ತ ತಿರುಗಿಸಿದಳು.

“ಯಾರಿಗೋ ಬಾ ಅಂತಿದೀರಿ, ಯಾರೋ ಬರ್ತಾರೆ, ಇಲ್ಲಿ ನನ್ನ ಹಾಡು ಮೋಡದಲ್ಲಿ ಒದ್ದೆಯಾಗ್ತಿದೆ!” ಎಂದಳು. “ಒತ್ತೇ ಹುಡುಗಿ!”

ಉನ್‌ಜೋ ಕಣ್ಣೊರೆಸಿಕೊಂಡು ಕನ್ನಡಕ ಸರಿಮಾಡಿಕೊಂಡಳು. ಈ ಸಲ ಒಂದೊಂದೇ ಅಕ್ಷರವನ್ನು ಎರಡೆರಡು ಸಲ ನೋಡಿ ಒತ್ತಿದಳು. ಕೊನೆಯ ಅಕ್ಷರಕ್ಕೆ ಮುಂಚೆ ಬೆರಳೆತ್ತಿ ಹಿಡಿದು ಅವನ ಮುಖ ನೋಡಿದಳು. ಅವನು ಉಸಿರು ಬಿಟ್ಟಿರಲಿಲ್ಲ. ಅವಳು ಒತ್ತಿದಳು.

ಒಂದು ಪುಟ್ಟ ಚಕ್ರ ತಿರುಗಿತು. ನಿಂತಿತು. ಆಮೇಲೆ ಹೊಸ ಫೋನಿನೊಳಕ್ಕೆ ಅವನ ಬದುಕೆಲ್ಲ ದಡದಡನೆ ಇಳಿಯತೊಡಗಿತು: ಪುಸ್ತಕದ ಪುಟಗಳು, ಬಂದರಿನ ಮಂಜು, ಒಂದೇ ಬೆಕ್ಕಿನ ಇಪ್ಪತ್ತಾರು ಚಿತ್ರ, ರಸ್ತೆಯಾಚೆಯಿಂದ ತೆಗೆದ ಫೋನಿನ ಅಂಗಡಿಯ ಬಾಗಿಲು, ಮತ್ತೆ ಬಾಗಿಲು, ಮಳೆಯಲ್ಲಿ ಬಾಗಿಲು. ಮೂರನೆಯ ಬಾಗಿಲು ಬಂದಾಗ ಉನ್‌ಜೋ ಸದ್ದಿಲ್ಲದೆ ಪರದೆಯನ್ನು ಅಮ್ಮನಿಂದ ಆಚೆಗೆ ತಿರುಗಿಸಿದಳು. ಕೊನೆಗೆ ಮಿಂಚಿನ ಜಾಕೀಟು ಬಂತು.

ಅವಳು ಅದನ್ನು ಅಂಗಡಿಯ ದೊಡ್ಡ ಸ್ಪೀಕರಿಗೆ ಜೋಡಿಸಿ ಹಾಕಿದಳು. ಅಮ್ಮನ ಹಳೆಯ ಗಂಟಲು, ಕಟ್ಟದ ಗಂಟಲು, ಬೀದಿಯ ಕೊನೆಯವರೆಗೂ ಹೋಯಿತು. ತನ್ನ ಹಾಡು ಕೇಳಿದ್ದೇ ಅಮ್ಮ ಸೆರಗಿನ ಹಾಗೆ ಏಪ್ರನ್ನಿನ ತುದಿ ಎತ್ತಿ ಹಿಡಿದು ಫೋನಿನ ಕವರುಗಳ ಸಾಲಿನ ನಡುವೆ ಕುಣಿಯತೊಡಗಿದಳು. ಸ್ವರ ಹೊರಡದಿದ್ದರೂ ಬಾಯಿಯಂತೂ ಆಡುತ್ತಿತ್ತು. ಎದುರಿನಿಂದ ಒಣಮೀನಿನವಳು ಬಾಗಿಲಿಗೆ ಬಂದು ಇಣುಕಿದಳು. “ಕೇಳು ಕೇಳು, ಚೆನ್ನಾಗಿ ಕೇಳು!” ಎಂದು ಅಮ್ಮ ಅವಳ ಸುತ್ತ ಒಂದು ಸುತ್ತು ಬಂದಳು. ಅವಳು ಬೈಯುತ್ತಲೇ ತಾಳ ಹಾಕಿದಳು.

ಆ ಗದ್ದಲದ ನಡುವೆ ಉನ್‌ಜೋ ವಿಡಿಯೋವನ್ನು ಸಂಘಕ್ಕೆ ಕಳಿಸಿದಳು. ಹೋಯಿತು ಎಂಬ ಗುರುತು ಬಂದ ಮೇಲೆ ಫೋನನ್ನು ಗ್ಯುಸಾಂಗನ ಅಂಗಿಯ ಜೇಬಿಗೆ ತಾನೇ ಇಳಿಸಿ, ಅವನಿಗಷ್ಟೇ ಕೇಳುವ ಹಾಗೆ ಕಿವಿಯಲ್ಲಿ ಕೂಗಿದಳು:

“ಅಂಗಡಿ ಮುಚ್ಚಿದ ಮೇಲೆ ಬರ್ತೀನಿ ಕಣೋ!”

ಆ ಒಂದು ‘ಕಣೋ’ಗೆ ಗ್ಯುಸಾಂಗ್ ಸ್ಟೂಲಿನಿಂದ ಬಿದ್ದ.

ಅಂದು ಸಂಜೆ ಅವರಿಬ್ಬರು ಬಂದರಿನ ಹತ್ತಿರದ ಚಿಪ್ಪುಮೀನಿನ ಶಾವಿಗೆ ಅಂಗಡಿಗೆ ಹೋದರು. ಕೈ ಬೆಂದು ಊಟದ ಕಡ್ಡಿ ಹಿಡಿಯಲಾಗದೆ ಅವನು ಬಟ್ಟಲಿಗೇ ಬಾಯಿ ಹಚ್ಚಿದ, ಉನ್‌ಜೋ ನಕ್ಕು ನಕ್ಕು ಸಾರು ನೆತ್ತಿಗೇರಿಸಿಕೊಂಡಳು. “ಉಪ್ಪು ಸಾಕಾ?” ಎಂದು ಅವಳು ಕೇಳಿದಳು. “ಸಾಕು” ಎಂದ. ಪಾಸ್‌ವರ್ಡ್ ಬದಲಾಯಿಸಬೇಕು, ಬೇರೆಯವರಿಗೆ ಗೊತ್ತಾಗಿದೆ ಎಂದು ಅವಳು ಎಚ್ಚರಿಸಿದಳು. ಅವನು ಬದಲಾಯಿಸಲಿಲ್ಲ.

ಆದರೆ ‘ಉನ್‌ಜೋ ಅವರೇ, ಊಟಕ್ಕೆ ಬಾ’ ಎಂದು ಅವನು ಅಂದೂ ಹೇಳಲಿಲ್ಲ, ಆಮೇಲೂ ಬಾಯಿಬಿಟ್ಟು ಹೇಳಲಿಲ್ಲ.