ಬೀರು ಕೊಯ್ದು ಕಟ್ಟಿದ ಪೆಟ್ಟಿಗೆ

ಮನೆಯಲ್ಲಿ ಅವಳಿಗೆ ಘಟವಾಣಿ ಎಂದೇ ಹೆಸರು. ಇಟ್ಟವನು ತಮ್ಮ. ಒಂದು ಮಾತಿಗೆ ಎರಡು ತಿರುಗಿಸುತ್ತಾಳೆ, ಬೀದಿಗೆಲ್ಲ ಕೇಳಿಸುವ ಹಾಗೆ ನಗುತ್ತಾಳೆ ಎಂಬುದು ಅವನ ದೂರು. ಆದರೆ ಅದೇ ಘಟವಾಣಿ ಗಿಟಾರ್ ಹಿಡಿದು ಬ್ಯಾಂಡಿನ ನಡುವೆ ನಿಂತರೆ ನರಪಿಳ್ಳೆಗೂ ಕೇಳಿಸುತ್ತಿರಲಿಲ್ಲ. ಅದಕ್ಕೂ ಕಾರಣ ತಮ್ಮನೇ.

ಬ್ಯಾಂಡಿನಲ್ಲಿದ್ದದ್ದು ಒಂದು ಆಂಪ್ಲಿಫೈಯರ್, ಒಂದು ಸ್ಪೀಕರ್ ಪೆಟ್ಟಿಗೆ. ಎರಡೂ ಅವನವು. ಅಕ್ಕ ತಮ್ಮ ಇಬ್ಬರ ಗಿಟಾರಿನ ವೈರೂ ಅದಕ್ಕೇ ಹೋಗಬೇಕು. ಪ್ರತಿ ಹಾಡಿಗೆ ಮುಂಚೆ ಅವನು ಬಗ್ಗಿ ಅವಳ ದನಿಯನ್ನು ಒಂಚೂರು ಇಳಿಸಿ, ತನ್ನದನ್ನು ಒಂಚೂರು ಏರಿಸಿ, "ಬ್ಯಾಲೆನ್ಸ್ ಅಕ್ಕ, ಬ್ಯಾಲೆನ್ಸ್" ಎನ್ನುತ್ತಿದ್ದ. ತಕ್ಕಡಿ ಹಿಡಿದವನೇ ಸಾಮಾನು ಕೊಳ್ಳುವವನೂ ಆದರೆ ಬ್ಯಾಲೆನ್ಸಿಗೇನು ಬರ? ಜನ ಅವಳ ಬೆರಳು ಓಡುವುದನ್ನು ನೋಡಿ ಚಪ್ಪಾಳೆಯನ್ನು ಮಾತ್ರ ತಮ್ಮನಿಗೆ ತಟ್ಟಿ ಹೋಗುತ್ತಿದ್ದರು.

ಒಮ್ಮೆ ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಅಜ್ಜಿ ಬಳಿ ಬಂದು ಕೆನ್ನೆ ಸವರಿ ಕೇಳಿದಳು: "ನಿಂದು ಆಟದ ಗಿಟಾರಾ ಮಗಳೇ? ಒಂದು ನಿಜದ್ದು ತಗೋಬಾರ್ದಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅಜ್ಜಿಯ ಕರುಣೆಯನ್ನು ಅವಳಿಂದ ಅರಗಿಸಿಕೊಳ್ಳಲು ಆಗಲಿಲ್ಲ. ತನ್ನದೇ ಪೆಟ್ಟಿಗೆ ಕಟ್ಟುತ್ತೇನೆ ಎಂದು ಅಂದೇ ನಿರ್ಧರಿಸಿಬಿಟ್ಟಳು.

ಅವಳ ಕೆಲಸ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ. ದಿನವಿಡೀ ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು ಹೊಸ ತಾಮ್ರದ ತಂತಿ ಸುತ್ತುವುದು. ಹಾಗಾಗಿ ಮೂಲೆ ಸೇರಿದ್ದ ಹಳೆಯ ಆಂಪ್ಲಿಫೈಯರೊಂದಕ್ಕೆ ಜೀವ ಕೊಡುವುದು ಅವಳಿಗೆ ಕಷ್ಟವಾಗಲಿಲ್ಲ. ಗುಜರಿಯಲ್ಲಿ ಎರಡು ಒಳ್ಳೆಯ ಸ್ಪೀಕರುಗಳೂ ಸಿಕ್ಕವು. ರುಂಡವೇನೋ ಸಿಕ್ಕಿತು, ಮುಂಡ ಬೇಕಲ್ಲ? ಅಂಗಡಿಗಳಲ್ಲಿದ್ದದ್ದು ಒದ್ದರೆ ಪುಡಿಯಾಗುವ ಹೊಟ್ಟಿನ ಹಲಗೆ. ದಪ್ಪನೆಯ, ಗಟ್ಟಿ ಪ್ಲೈವುಡ್ ಅವಳು ಕಂಡಂತೆ ಒಂದೇ ಕಡೆ ಇತ್ತು. ಅವಳ ಕೋಣೆಯಲ್ಲಿ, ಬೀರುವಿನ ರೂಪದಲ್ಲಿ.

ಅಪ್ಪ ಬೀರು ಮಾಡುವುದರಲ್ಲೇ ಜೀವನ ತೆಗೆದ ಬಡಗಿ. ಮಗಳ ಮದುವೆ ಗೊತ್ತಾದಾಗ ತನ್ನ ಕೈಯಾರೆ ಇದನ್ನು ಮಾಡಿದ್ದ. ಗಂಡು ಅವಳನ್ನು ಒಪ್ಪಿದ್ದ, ಗಿಟಾರನ್ನು ಒಪ್ಪಲಿಲ್ಲ. ಅವಳು ಗಂಡನ್ನು ಒಪ್ಪಲಿಲ್ಲ. ಮದುವೆ ಮುರಿಯಿತು, ಬೀರು ಉಳಿಯಿತು. "ಯಾವತ್ತಾದ್ರೂ ಗಂಡನ ಮನೆಗೆ ಹೋಗೋವಾಗ ಹೊಸದಾಗೇ ಹೋಗ್ಲಿ" ಎಂದು ಅಪ್ಪ ಅದರೊಳಗೆ ಒಂದು ಕರ್ಚೀಫನ್ನೂ ಇಡಗೊಡಲಿಲ್ಲ. ಖಾಲಿ ಬೀರುವಿನ ಪಕ್ಕದಲ್ಲಿ ಅವಳ ಬಟ್ಟೆಗಳೆಲ್ಲ ಸೂಟ್‌ಕೇಸಿನಲ್ಲಿ ಬಿದ್ದಿದ್ದವು. ಇದೆಂಥ ನ್ಯಾಯ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಭಾನುವಾರ ಬೆಳಗ್ಗೆ ಗರಗಸದ ಸದ್ದಿಗೆ ಅಪ್ಪ ಓಡಿ ಬಂದ. ಬೀರುವಿನ ಒಂದು ಪಕ್ಕ ಆಗಲೇ ನೆಲದ ಮೇಲಿತ್ತು.

"ಏನೇ ಮಾಡ್ತಿದ್ದೀಯ? ತಲೆ ಕೆಟ್ಟಿದ್ಯಾ?"

"ನಂದೇ ಅಂತ ತಾನೇ ಕೊಟ್ಟಿದ್ದು, ಅಪ್ಪ?"

"ಇಟ್ಕೊಳ್ಳೋಕೆ ಕೊಟ್ಟೆ. ಕೊಯ್ಯೋಕಲ್ಲ."

"ಇಟ್ಕೊಳ್ಳೋಕೂ ಬಿಡ್ಲಿಲ್ವಲ್ಲ."

ಅಪ್ಪ ಬಗ್ಗಿ ಕೊಯ್ದ ಅಂಚನ್ನು ಬೆರಳಲ್ಲಿ ಸವರಿದ. ಆಮೇಲೆ, "ಬಾಗಿಲೆರಡು ಮಾತ್ರ ಮುಟ್ಬೇಡ. ಬಾಗಿಲಿದ್ರೆ ಮಿಕ್ಕಿದ್ದನ್ನ ಮತ್ತೆ ಹೊಂದಿಸ್ಬೋದು" ಎಂದು ಹೇಳಿ ಹೊರಟುಹೋದ. ಬಾಗಿಲುಗಳಿಗೆ ಹಳೆಯ ಬೆಡ್‌ಶೀಟು ಸುತ್ತಿ ಗೋಡೆಗೆ ಒರಗಿಸಿದಳು. ಅಷ್ಟು ಮಾತು ನಡೆಸಿಕೊಟ್ಟರೇನು ಗಂಟು ಹೋಗುತ್ತದೆ ಎಂದುಕೊಂಡಳು.

ಪಕ್ಕದ ಹಲಗೆಗಳು ಪೆಟ್ಟಿಗೆಯ ನಾಲ್ಕು ಗೋಡೆಗಳಾದವು. ಒಳಗಿನ ಅಡ್ಡ ಹಲಗೆಯೊಂದು ಮುಂಭಾಗವಾಯಿತು. ಮೊಳೆಗೆ ದಾರ ಕಟ್ಟಿ, ದಾರದ ತುದಿಗೆ ಪೆನ್ಸಿಲ್ ಕಟ್ಟಿ, ವೃತ್ತ ಎಳೆದು ಸ್ಪೀಕರುಗಳಿಗೆ ಕಿಂಡಿ ಕೊರೆದಳು. ಮೂಲೆಗಳಿಗೆ ಅಂಟು ಹಾಕಿ ಹಗ್ಗದಿಂದ ಬಿಗಿದು ಒಣಗಲು ಬಿಟ್ಟಳು. ಬೆನ್ನಿಗೆ ಬೀರುವಿನ ಬೆನ್ನೇ ಇತ್ತಲ್ಲ, ತೆಳ್ಳನೆಯ ಹಾಳೆ. ಅದನ್ನು ಅಳತೆಗೆ ಕತ್ತರಿಸಿ ಅಂಚಿನಲ್ಲಿ ಕೊರೆದ ಸೀಳಿನೊಳಗೆ ಸಡಿಲವಾಗಿ ಇಳಿಸಿದಳು. ಬೇರೆ ಯಾರಾದರೂ ಆಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. "ಬೆನ್ನು ಬಿಗಿದ್ರೆ ಬೀರು ಸೀಳುತ್ತೆ, ಬೆನ್ನು ಉಸಿರಾಡ್ಬೇಕು" ಎಂಬ ಅಪ್ಪನ ಮಾತನ್ನು ಹಾಲಿನ ಜೊತೆ ಕುಡಿದವಳು ಅವಳು. ಹುಟ್ಟುಗುಣ ಸುಟ್ಟರೂ ಹೋಗದು.

ತಮ್ಮ ಬಂದು ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದ. "ಮೂಗಿಗಿಂತ ಮೂಗುತಿ ಭಾರ" ಎಂದ. ಅವಳು ಕಿವಿಯ ಮೇಲೆ ಹಾಕಿಕೊಳ್ಳದೆ ವೈರು ಚುಚ್ಚಿ ದಪ್ಪ ತಂತಿಯನ್ನು ಮೀಟಿದಳು.

ಗರ್‌ರ್‌ರ್ ಎಂದಿತು ಪೆಟ್ಟಿಗೆ. ಸ್ವರ ಎಲ್ಲಿ, ಅದುರಾಟ ಎಲ್ಲಿ ಎಂದೇ ತಿಳಿಯಲಿಲ್ಲ.

"ಅಕ್ಕ, ನಿನ್ನ ಪೆಟ್ಟಿಗೆಗೆ ನೆಗಡಿ!" ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವಳು ಪೆಟ್ಟಿಗೆಯ ಹಿಂದೆ ಕೈ ಇಟ್ಟಳು. ತೆಳು ಹಾಳೆ ಅಂಗೈಯಡಿ ಪಟಪಟ ಹೊಡೆದುಕೊಳ್ಳುತ್ತಿತ್ತು. ತಪ್ಪು ಅರ್ಥವಾಯಿತು. ಸ್ಪೀಕರು ಮುಂದಕ್ಕೆ ತಳ್ಳುವಷ್ಟೇ ಗಾಳಿಯನ್ನು ಹಿಂದಕ್ಕೂ ತಳ್ಳುತ್ತದೆ. ಬೀರುವಿನ ಬೆನ್ನು ಉಸಿರಾಡಬೇಕು, ಇದರ ಬೆನ್ನು ಉಸಿರು ಬಿಗಿಹಿಡಿದು ನಿಲ್ಲಬೇಕು. ಅದಕ್ಕೆ ದಪ್ಪ ಹಲಗೆ ಬೇಕು. ದಪ್ಪ ಹಲಗೆ ಇನ್ನು ಉಳಿದಿದ್ದದ್ದು ಬೆಡ್‌ಶೀಟಿನೊಳಗೆ ಮಾತ್ರ.

ತಮ್ಮ ನಗು ನಿಲ್ಲಿಸಿ ಹೆಗಲ ಮೇಲೆ ಕೈ ಹಾಕಿದ. "ಹೋಗ್ಲಿ ಬಿಡಕ್ಕ. ನನ್ನ ಪೆಟ್ಟಿಗೆ ಇಲ್ವಾ? ಬೇಕಿದ್ರೆ ನಿಂದು ಸ್ವಲ್ಪ ಏರಿಸ್ತೀನಿ."

ನಗುವಿಗಿಂತ ಆ ಔದಾರ್ಯ ಉರಿಯಿತು. ನನ್ನ ದನಿಯನ್ನು ನನಗೇ ಭಿಕ್ಷೆ ಹಾಕುತ್ತಾನೆ ಇವನು! ಅವಳು ಅವನ ಕೈ ಕೊಡವಿ, ಬೆಡ್‌ಶೀಟು ಎಳೆದು ಬಿಸಾಕಿ, ಒಂದು ಬಾಗಿಲನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿದಳು.

ಅಪ್ಪ ಹೊಸ್ತಿಲಲ್ಲಿ ನಿಂತಿದ್ದ. ಬೈಯಲಿಲ್ಲ. ಎರಡು ಕೈಗಳನ್ನೂ ಮುಂದೆ ಚಾಚಿ ತೋರಿಸಿದ, ಎರಡೂ ನಡುಗುತ್ತಿದ್ದವು. "ಇದನ್ನ ಕೊಯ್ದ್ರೆ, ಇನ್ನೊಂದು ಮಾಡೋಕೆ ನನ್ ಕೈಲಾಗಲ್ಲ ಕಣೆ."

ಅವಳಿಗೆ ಗರಗಸ ಕೆಳಗಿಡಬೇಕು ಎನ್ನಿಸಿತು. ಸುಳ್ಳು ಹೇಳಬಾರದು, ನಿಜವಾಗಿ ಎನ್ನಿಸಿತು. ಇಟ್ಟರೆ ಅಪ್ಪನಿಗೆ ಸಮಾಧಾನ, ತಮ್ಮನಿಗೆ ಸಮಾಧಾನ, ಊರಿಗೆಲ್ಲ ಸಮಾಧಾನ. ಅವಳು ಮಾತ್ರ ಸಾಯುವತನಕ ಆಟದ ಗಿಟಾರಿನವಳು.

"ಇನ್ನೊಂದು ಬೇಡ ಅಪ್ಪ. ನಾನು ಎಲ್ಲಿಗೂ ಹೋಗ್ತಿಲ್ಲ. ನಿನ್ನ ಕೆಲಸ ಹಾಳು ಮಾಡ್ತಿಲ್ಲ, ಬಳಸ್ತಿದ್ದೀನಿ."

ಅಳು ಬಂತು. ಅಳುತ್ತಲೇ ಕೊಯ್ದಳು. ಗೆರೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅಪ್ಪ ಹೊರಗೂ ಹೋಗಲಿಲ್ಲ, ಒಳಗೂ ಬರಲಿಲ್ಲ. ಹಲಗೆ ಎರಡಾಗುವ ತನಕ ನೋಡಿ, "ಸ್ಕ್ರೂ ಹತ್ರ ಹತ್ರ ಹಾಕು" ಎಂದು ಕೋಪದಲ್ಲೇ ಹೇಳಿ ನಡೆದ.

ಮುಂದಿನ ಭಾನುವಾರ ಮಧ್ಯಾಹ್ನ ಪೆಟ್ಟಿಗೆಯನ್ನು ಅಂಗಡಿಯ ಕೈಗಾಡಿಯ ಮೇಲೆ ತಳ್ಳಿಕೊಂಡು ತಾಲೀಮಿಗೆ ಹೋದಳು. ತಾಲೀಮು ನಡೆಯುವುದು ಡ್ರಮ್ ಬಾರಿಸುವವನ ಟಯರ್ ಗೋದಾಮಿನಲ್ಲಿ. ತಮ್ಮನ ಪೆಟ್ಟಿಗೆಯ ಹಿಂದೆ ಬಚ್ಚಿಡಲಿಲ್ಲ. ಅದರ ಪಕ್ಕದಲ್ಲಿ, ಸಮಸಮ ಇಟ್ಟಳು. ತಮ್ಮ ರೂಢಿಯಂತೆ ಬಗ್ಗಲು ಬಂದ. ಅವಳು ಅಡ್ಡ ನಿಂತಳು. ಅವನು ನಗಲು ನೋಡಿ, ಆಗದೆ, ತನ್ನ ಜಾಗಕ್ಕೆ ಹೋದ.

ಹಾಡು ಶುರುವಾಯಿತು. ಅವಳ ಸರದಿ ಬಂದಾಗ ತಂತಿಗೆ ಬಿದ್ದ ಏಟು ಗೋದಾಮಿನ ತಗಡಿನ ಮಾಡಿಗೆ ತಗಲಿ ಅವಳ ಎದೆಗೇ ವಾಪಸು ಬಂತು. ದಪ್ಪಗೆ, ಒಂದಿಷ್ಟೂ ಅದುರದೆ, ತುಂಬಿಕೊಂಡು. ತನ್ನ ಕೈ ಇಷ್ಟು ವರ್ಷ ಏನು ನುಡಿಸುತ್ತಿತ್ತೆಂದು ಅವಳು ಕೇಳಿದ್ದು ಅದೇ ಮೊದಲು. ಡ್ರಮ್ಮಿನವನು ತಾಳ ತಪ್ಪಿ ಬಾಯಿ ಬಿಟ್ಟುಕೊಂಡು ನೋಡಿದ.

ತಮ್ಮ ಕೈ ಎತ್ತಿ ಹಾಡು ನಿಲ್ಲಿಸಿದ. ಮುಖ ಕೆಂಪಾಗಿತ್ತು. "ಕಮ್ಮಿ ಮಾಡಕ್ಕ! ನನ್ನ ಗಿಟಾರ್ ನನಗೇ ಕೇಳಿಸ್ತಿಲ್ಲ!"

"ನನಗೂ ಇಷ್ಟು ವರ್ಷ ಕೇಳಿಸಿರ್ಲಿಲ್ಲ," ಎಂದಳು ಅವಳು. "ಅಭ್ಯಾಸ ಆಗುತ್ತೆ ಬಿಡು. ಹೂಂ, ಮೊದಲಿಂದ."