ಹಂಚು ಕಂಡ ಸೋಮವಾರದ ಸಂಚು

ಇದು ನಿಜವಾಗಿ ನಡೆದದ್ದು. ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೂ ನನ್ನ ಮೇಲೆ ಇನ್ನು ಹೊಯ್ಯುವ ದೋಸೆ ಮೇಲೇಳದೇ ಹೋಗಲಿ. ನಮ್ಮ ಕುಲದಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ನಾನು ಒಂದು ದೋಸೆ ಹಂಚು. ಹುಟ್ಟಿದ್ದು ಹುಬ್ಬಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ. ಮುರಿದ ಪಂಪ್‌ಸೆಟ್ಟು, ಕಾಲು ಹೋದ ಹೊಲಿಗೆ ಯಂತ್ರ, ಯಾವುದೋ ಗಿರಣಿಯ ಸವೆದ ಗಾಲಿ, ಎಲ್ಲವನ್ನೂ ಒಂದೇ ಕುಲುಮೆಗೆ ಹಾಕಿ ಕರಗಿಸಿ ಮರಳಿನ ಅಚ್ಚಿಗೆ ಸುರಿದರು. ಆರಿದ ಮೇಲೆ ನಾನಾದೆ. ಹೀಗೆ ನನ್ನ ಮೈಯಲ್ಲಿರುವುದೆಲ್ಲ ದುಡಿದು ದುಡಿದು ಸತ್ತವರ ಅಂಶ. ದುಡಿಸುವವರನ್ನು ಕಂಡರೆ ನನಗೆ ಹುಟ್ಟಿನಿಂದಲೂ ಅನುಮಾನ. ಮನುಷ್ಯರಾದರೆ ಅದು ರಕ್ತದಲ್ಲಿ ಬಂದದ್ದು ಅನ್ನುತ್ತಾರೆ. ನನಗೆ ತುಕ್ಕಿನಲ್ಲಿ ಬಂದಿದೆ.

ನನ್ನನ್ನು ಮೊದಲು ಕೊಂಡವಳು ಸಾವಂತ್ರವ್ವ. ಹರಿಹರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಶೆಡ್ಡು, ಎರಡು ಬೆಂಚು, ಒಂದು ಸೌದೆ ಒಲೆ. ಬಂದ ಹೊಸದರಲ್ಲಿ ಆಕೆ ನನ್ನ ಮೇಲೆ ದೋಸೆ ಹೊಯ್ಯಲೇ ಇಲ್ಲ. ದಿನಾ ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಮೈ ತಿಕ್ಕಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಆರಲು ಬಿಡುವಳು. ಹೊರಗಿನವರು ಇದನ್ನು ಪಳಗಿಸುವುದು ಅನ್ನುತ್ತಾರೆ. ನನಗೆ ಮಾತ್ರ ಈ ಉಪಚಾರದ ಹಿಂದೆ ಏನೋ ಇದೆ ಅನ್ನಿಸಿತ್ತು. ಸುಮ್ಮಸುಮ್ಮನೆ ಮೈ ಸವರುವವರನ್ನು ನಂಬುವುದು ಹೇಗೆ?

ಸೋಮವಾರ ಬಂತೆಂದರೆ ಇನ್ನೂ ವಿಚಿತ್ರ. ಆಕೆ ನನ್ನನ್ನು ಒಲೆಯಿಂದ ಇಳಿಸಿ, ಎಣ್ಣೆ ಹಚ್ಚಿ, ಗೋಡೆಗೆ ಒರಗಿಸಿಬಿಡುವಳು.

"ಎತ್ತಿಗೂ ಇವತ್ತು ನೊಗ ಇಲ್ಲ, ನಿನಗೂ ಬೆಂಕಿ ಇಲ್ಲ. ಮಲಕ್ಕೋ," ಅನ್ನುವಳು.

ನಮ್ಮ ಕಡೆ ಸೋಮವಾರ ಬಸವಣ್ಣನ ದಿನ. ಎಂಥ ಬಿತ್ತನೆ ಹದ ಇದ್ದರೂ ಅವತ್ತು ಎತ್ತಿನ ಕೊರಳಿಗೆ ನೊಗ ಏರಿಸುವುದಿಲ್ಲ. ಆ ನಿಯಮ ಹಂಚಿಗೂ ಅನ್ವಯಿಸುತ್ತದೆ ಎಂದು ತೀರ್ಮಾನಿಸಿದವಳು ಸಾವಂತ್ರವ್ವ ಒಬ್ಬಳೇ ಇರಬೇಕು. ಮಂಗಳವಾರ ಮೊದಲ ದೋಸೆ ಬಿದ್ದಾಗ ನಾನು "ಚುಂಯ್ಯ್" ಅನ್ನುತ್ತಿದ್ದೆನಲ್ಲ, ಆ ದನಿ ಬೇರೆ ದಿನ ಬರುತ್ತಿರಲಿಲ್ಲ.

ಮಂಡಿ ಸೋತ ಮೇಲೆ ಆಕೆ ಮಗಳ ಮನೆಗೆ ಹೊರಟಳು. ಶೆಡ್ಡು, ಬೆಂಚು, ಒಲೆಯ ಜೊತೆ ನಾನೂ ಮುರಿಗೆಪ್ಪನ ಪಾಲಾದೆ. ಹೋಗುವಾಗ ಆಕೆ ಅವನಿಗೆ ಹೇಳಿದ್ದು ಒಂದೇ ಮಾತು.

"ಸೋಮಾರ ಇದನ್ನ ಒಲಿ ಮ್ಯಾಲೆ ಇಡಬ್ಯಾಡಪ."

"ಆತು ಬಿಡವ್ವ," ಅಂದ ಮುರಿಗೆಪ್ಪ. ಆಕೆ ಮರೆಯಾದ ಕೂಡಲೇ ಹೆಂಡತಿಯ ಕಡೆ ತಿರುಗಿದ. "ಸೋಮಾರ ಗಿರಾಕಿ ಭಾಳ ಇರಬೇಕು ನೋಡು. ಅದಕ್ಕ ಮುದುಕಿ ಹಂಗ ಹೇಳಿ ಹೊಂಟಾಳ." ಅಂದಿನಿಂದ ಸೋಮವಾರವೂ ನನಗೆ ಬೆಂಕಿ ತಪ್ಪಲಿಲ್ಲ.

ಹಂಚಿಗೆ ಮನುಷ್ಯರು ಕಾಣುವುದು ಕೆಳಗಿನಿಂದ. ಮುಖಕ್ಕಿಂತ ಮೊದಲು ಗದ್ದ, ಗದ್ದಕ್ಕಿಂತ ಮೊದಲು ಬೆವರು. ಮುರಿಗೆಪ್ಪನ ಗದ್ದ ಯಾವಾಗಲೂ ಯಾವುದೋ ಒಂದು ಕಡೆ ತಿರುಗಿರುತ್ತಿತ್ತು. ಯಾರು ಎಲ್ಲಿ ಏನು ಮಾಡುತ್ತಿದ್ದಾರೆ ಎಂದು ನೋಡುವುದೇ ಅವನ ಅರ್ಧ ಕೆಲಸ. ಗಿರಾಕಿ ಎರಡನೇ ಸಲ ಚಟ್ನಿ ಕೇಳಿದರೆ ಅನುಮಾನ. ಕೇಳದಿದ್ದರೆ ಇನ್ನೂ ಅನುಮಾನ: ಚಟ್ನಿ ಸರಿಯಿಲ್ಲ ಅಂತ ಊರೆಲ್ಲ ಹೇಳಿ ಬರುತ್ತಾನೋ ಏನೋ!

ಅವನ ದೊಡ್ಡ ಅನುಮಾನ ಇದ್ದದ್ದು ದೋಸೆ ಹೊಯ್ಯುವ ಕೊಟ್ರೇಶಿಯ ಮೇಲೆ. ಕೊಟ್ರೇಶಿ ಒಂದು ಸರತಿ ದೋಸೆ ತೆಗೆದ ಮೇಲೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಗುಡಿಸಿ, ಈರುಳ್ಳಿ ತಿಕ್ಕಿ, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಆ ಒಂದು ಗಳಿಗೆ ನನಗೆ ಉಸಿರು. ಕಾವು ಮಿತಿಮೀರಿದರೆ ಹಿಟ್ಟು ನನ್ನ ಮೇಲೆ ಹರಡುವುದಿಲ್ಲ, ಸೌಟಿಗೇ ಸುತ್ತಿಕೊಂಡು ಮೇಲೇಳುತ್ತದೆ.

"ಯಾಕಲೇ ನಿಂತಿ?" ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮುರಿಗೆಪ್ಪ ಕೂಗುವನು.

"ಹಂಚು ಕಾದೈತಿ ಸಾವ್ಕಾರ್ರೇ. ತುಸು ಆರಲಿ."

"ಕಾಯಲಿ ಅಂತನ ಅಲ್ಲೇನಲೇ ಸೌದಿ ಉರಿಸೂದು?"

ಈ ಕೊಟ್ರೇಶಿಗೆ ಒಂದು ಖಯಾಲಿ ಇತ್ತು. ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ದಾವಣಗೆರೆ ಬಸ್ಸಿನ ಕಂಡಕ್ಟರು, ಬಾಗಿಲಲ್ಲಿ ಕೂಗುವ ಹಾಲಿನವಳು, ನನ್ನ "ಚುಂಯ್ಯ್" ಕೂಡ. ಒಂದು ಮಧ್ಯಾಹ್ನ ಮುರಿಗೆಪ್ಪ ಹಿತ್ತಲಲ್ಲಿ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಕೊಟ್ರೇಶಿ ಇಲ್ಲಿಂದ, ಸುಮ್ಮನೆ ತಮಾಷೆಗೆ, ಸಾಹುಕಾರನದೇ ದನಿ ತೆಗೆದ:

"ಯಾಕಲೇ ನಿಂತಿ?"

ಹಿತ್ತಲಿಂದ ಲೋಟ ಉರುಳಿದ ಸದ್ದು. "ಇಲ್ಲ, ಇಲ್ಲ, ನಿಂತಿಲ್ಲ!" ಎಂದು ಮುರಿಗೆಪ್ಪ ಧೋತರಕ್ಕೆಲ್ಲ ಚಹಾ ಚೆಲ್ಲಿಕೊಂಡು ಓಡಿಬಂದ. ಬೆಂಚಿನವರೆಲ್ಲ ನಕ್ಕರು. ನೀರು ತುಂಬುತ್ತಿದ್ದ ಅವನ ಹೆಂಡತಿ ಹಾಲಮ್ಮ ಮಾತ್ರ ನಗಲಿಲ್ಲ. ಗಂಡ ತನ್ನ ದನಿಗೆ ತಾನೇ ಬೆದರಿದ್ದನ್ನು ಆಕೆ ಕಂಡಳು. ನಾನೂ ಕಂಡೆ.

ಅವನು ಕೆಟ್ಟವನಲ್ಲ. ಹಳ್ಳಿಯಲ್ಲಿ ಎತ್ತು ಸಾಕಿದ ಮನೆಯವನು. ಒಮ್ಮೆ ಮಜ್ಜಿಗೆ ಕುಡಿಯುತ್ತಾ ಗಿರಾಕಿಗಳಿಗೆ ಹೇಳಿದ್ದ: ಹರೆಯದಲ್ಲಿ, ಪಕ್ಕದ ಹೊಲದವನು ಸೋಮವಾರ ಎತ್ತು ಹೂಡಿದ್ದಕ್ಕೆ, ಇವನು ಬದು ಹಾರಿ ಹೋಗಿ, ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಜತ್ತಿಗೆಯನ್ನು ತನ್ನ ಕೈಯಾರೆ ಬಿಚ್ಚಿ ಎಸೆದಿದ್ದನಂತೆ. "ಮೂಕ ಜೀವ ರೀ. ಬಾಯಿಬಿಟ್ಟು ಸಾಕಾತು ಅನ್ನಾಕ ಬರ್ತೈತೇನು ಅದಕ್ಕ?" ಅಂದಿದ್ದ. ಬಾಯಿದ್ದೂ ಸಾಕಾಯಿತು ಅನ್ನದವರ ಪಟ್ಟಿಯಲ್ಲಿ ತನ್ನ ಹೆಸರಿದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಕೊಟ್ರೇಶಿ ಉಣ್ಣಲು ಹೋದರೆ ಸೌಟು ಇವನೇ ಹಿಡಿಯುವನು. ಮಧ್ಯಾಹ್ನದ ನಿದ್ದೆ ಬಿಟ್ಟ, ಕೂತು ಉಣ್ಣುವುದನ್ನೂ ಬಿಟ್ಟ. ನನ್ನ ಹೆಸರೇ ಹಂಚು. ಹನ್ನೆರಡು ಜನರ ಹಸಿವಿಗೆ ಒಂದೇ ಸರತಿಯಲ್ಲಿ ದೋಸೆ ಹಂಚುತ್ತೇನೆ. ಇವನಿಗೆ ಕೆಲಸವನ್ನು ಇನ್ನೊಬ್ಬರಿಗೆ ಹಂಚಲು ಮಾತ್ರ ಮನಸ್ಸಿಲ್ಲ. ಹಂಚಿದರೆ ಅದರಲ್ಲಿ ಒಂದು ಚೂರು ಕದ್ದಾರು ಎಂಬ ಗುಮಾನಿ.

ಆಮೇಲೆ ಎಡವಟ್ಟುಗಳು ಶುರುವಾದವು. ಹಿಟ್ಟಿಗೆ ಎರಡು ಸಲ ಉಪ್ಪು ಬಿತ್ತು. ಕುಡಿಯುವ ನೀರಿನ ಲೋಟಕ್ಕೆ ಚಟ್ನಿ ಬಿತ್ತು. ಒಂದು ದಿನ ಹಾಲಮ್ಮ, "ಊಟಕ್ಕ ಬರ್ರಿ, ಆರತೈತಿ," ಅಂದರೆ, ತಲೆ ಎತ್ತದೆ, "ಎಷ್ಟು ಪಾರ್ಸಲ್?" ಅಂದ.

ಕೊನೆಗೆ ಒಂದು ಭಾನುವಾರ, ಬಸ್ಸುಗಳು ಒಂದರ ಹಿಂದೊಂದು ಬಂದು ಜನ ಬಾಗಿಲ ತನಕ ನಿಂತಿದ್ದರು. ಕೊಟ್ರೇಶಿ ಬೆಣ್ಣೆ ತರಲು ಹೋಗಿದ್ದ. ಸೌಟು ಮುರಿಗೆಪ್ಪನ ಕೈಯಲ್ಲಿ. ನಾನು ಕಾದು ಕಾದು ಬೂದಿ ಬಣ್ಣಕ್ಕೆ ತಿರುಗಿದ್ದೆ. ಹಿಟ್ಟು ಸೌಟಿಗೇ ಸುತ್ತಿಕೊಳ್ಳುತ್ತಿತ್ತು. ತಡೆಯಲು ಅವನಿಗೆ ಪುರುಸೊತ್ತಿಲ್ಲ. ಒಂದು ಕೊಡ ತಣ್ಣೀರನ್ನು ಎತ್ತಿ ನನ್ನ ಮೇಲೆ ಸುರಿದ.

"ಠಣ್!"

ಅಂಚಿನಿಂದ ಒಂದು ಗೇಣು ಒಳಗಿನ ತನಕ ನಾನು ಬಿರಿದೆ. ಆವಿಯ ನಡುವೆ ಅವನಿಗೂ ಕಣ್ಣು ಕತ್ತಲೆ ಬಂದಿರಬೇಕು. ತೂರಾಡಿ, ಬೀಳದಿರಲು ಆಸರೆಗೆ ಕೈ ಊರಿದ. ಊರಿದ್ದು ನನ್ನ ಮೇಲೆ.

ಡಾಕ್ಟರು ಅಂಗೈಗೆ ಪಟ್ಟಿ ಕಟ್ಟಿ, ರಕ್ತದೊತ್ತಡ ನೋಡಿ ಹುಬ್ಬೇರಿಸಿದರಂತೆ. "ಇವತ್ತು ಕೈ ಬಿತ್ತು, ನಾಳೆ ನೀವೇ ಬೀಳ್ತೀರಿ. ವಾರಕ್ಕೊಂದು ದಿನ ಅಂಗಡಿ ಮುಚ್ಚಿ ಮಲಗಿ," ಅಂದರಂತೆ. ಅಂಗಡಿಗೆ ಮರಳಿದ ಮುರಿಗೆಪ್ಪ ಹೆಂಡತಿಗೆ ಕೊಟ್ಟ ತೀರ್ಪು ಬೇರೆ. "ಆ ಡಾಕ್ಟರು ನಿನ್ನ ತೌರುಮನಿ ಕಡೀಯವರು. ನೀನ ಹೇಳಿಕೊಟ್ಟಿರ್ತಿ."

ಮರುದಿನ ಸೋಮವಾರ. ಪಟ್ಟಿ ಕಟ್ಟಿದ ಕೈಯಲ್ಲೇ ಅಂಗಡಿ ತೆಗೆದ.

ಆ ವಾರ ಅಂಗಡಿಯಲ್ಲಿ ಗುಸುಗುಸು ಹೆಚ್ಚಿತು. ಹಾಲಮ್ಮ, ಕೊಟ್ರೇಶಿ ಹಿಟ್ಟಿನ ಪಾತ್ರೆಯ ಹತ್ತಿರ ತಲೆ ಸೇರಿಸುವರು, ಮುರಿಗೆಪ್ಪ ಬಂದರೆ ದೂರ ಸರಿಯುವರು. ಕೊಟ್ರೇಶಿ ಒಂದು ಗೋಣಿಚೀಲ ತಂದು ಸೌದೆಯ ಹಿಂದೆ ಬಚ್ಚಿಟ್ಟ. ಒಳಗೆ ಏನೋ ಲೋಹ ಸದ್ದು ಮಾಡಿತು. ಹಾಲಮ್ಮ ನನ್ನ ಬಿರುಕಿನ ಮೇಲೆ ಬೆರಳಾಡಿಸಿ, "ಸೋಮಾರ ಇದಕ್ಕೂ ಒಂದು ಗತಿ ಕಾಣಸೂಣು," ಅಂದಳು.

ಗುಜರಿ! ಇನ್ನೇನು ಉಳಿಯಿತು? ಚೀಲದಲ್ಲಿದ್ದದ್ದು ಗುಜರಿಯವನ ತಕ್ಕಡಿ ಎಂದೇ ನನ್ನ ಎಣಿಕೆ. ಮತ್ತೆ ಕುಲುಮೆ, ಮತ್ತೆ ಮರಳು. ಈ ಸಲ ಯಾರ ಮನೆಯ ಚರಂಡಿ ಮುಚ್ಚಳವಾಗುತ್ತೇನೋ!

ಮುರಿಗೆಪ್ಪನ ಎಣಿಕೆಯೇ ಬೇರೆ. ಕೊಟ್ರೇಶಿ ಎದುರಿಗೇ ಸ್ವಂತ ಹೋಟೆಲು ಹಾಕುತ್ತಾನೆ, ಹಾಲಮ್ಮ ಅವನಿಗೆ ಪಾತ್ರೆ ಸಾಗಿಸುತ್ತಿದ್ದಾಳೆ. ನನಗೆ ಇದು ಹೇಗೆ ಗೊತ್ತೆಂದರೆ, ಅವನು ನನ್ನ ಮುಂದೆ ನಿಂತು ಗೊಣಗುತ್ತಿದ್ದ: "ಸಂಚು ನಡದೈತಿ. ಹೊಂಚು ಹಾಕಿ ಹಿಡೀತೀನಿ." ಅಂದಿನಿಂದ ಅವನು ಕಣ್ಣು ಮುಚ್ಚಿದ್ದೇ ಇಲ್ಲ. ಅವರು ಹಿತ್ತಲಿಗೆ ಹೋದರೆ ಹಿಂದೆ ಇವನು, ಸೌದೆಗೆ ಹೋದರೆ ಮುಂದೆ ಇವನು. ನನಗಾದರೂ ಎಣ್ಣೆ ಬೀಳುತ್ತಿತ್ತು, ಅವನಿಗೆ ಅದೂ ಇಲ್ಲ. ಹೀಗೆ ವಾರ ಕಳೆದು ಸೋಮವಾರ ಬೆಳಗಾಗುವಾಗ, ಕಳ್ಳರನ್ನು ಕಾಯಲೆಂದೇ ಎಲ್ಲರಿಗಿಂತ ಮೊದಲು ಬಂದು ಕೂತವನು, ಗಲ್ಲಾದ ಮೇಲೆ ಗಲ್ಲ ಊರಿ ಗೊರಕೆ ಹೊಡೆಯತೊಡಗಿದ.

ಎಂಥ ಗೊರಕೆ ಅಂತೀರಿ! ದಾವಣಗೆರೆ ಬಸ್ಸು ಸ್ಟಾರ್ಟ್ ಆಯಿತೆಂದು ಒಬ್ಬ ಗಿರಾಕಿ ಚೀಲ ಹಿಡಿದು ಎದ್ದೇಬಿಟ್ಟ.

ಹಾಲಮ್ಮ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದಳು. ಒಲೆ ಹಚ್ಚಲಿಲ್ಲ. ಕೊಟ್ರೇಶಿ ನನ್ನನ್ನು ಇಳಿಸಿದ. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಆದರೆ ಎಣ್ಣೆ ಸವರಿದ, ಗೋಡೆಗೆ ಒರಗಿಸಿದ. ಹಾಲಮ್ಮ ನನಗೆ ಮೂರು ಬೆರಳಿನ ವಿಭೂತಿ ಎಳೆದು ಒಂದು ದಾಸವಾಳ ಇಟ್ಟಳು. ಆಮೇಲೆ ಆ ಚೀಲ ಬಿಚ್ಚಿದರು. ತಕ್ಕಡಿ ಅಲ್ಲ. ಎತ್ತಿನ ಕೊರಳ ಗಂಟೆ! ಕೋಡಿಗೆ ಕಟ್ಟುವ ಕೆಂಪು ಗೊಂಡೆ!

ಗಂಟೆಯ ನಾಲಗೆಯನ್ನು ಹಿಡಿದುಕೊಂಡೇ ಹಾಲಮ್ಮ ಅದನ್ನು ಗಂಡನ ಕೊರಳಿಗೆ ಕಟ್ಟಿದಳು. ಎರಡು ಕಿವಿಗೆ ಎರಡು ಗೊಂಡೆ. ಹಣೆಗೆ ವಿಭೂತಿ. ಮುಂದೆ, ಎತ್ತಿಗೆ ಇಡುವ ಹಾಗೆ, ಒಂದು ಬುಟ್ಟಿ ಹತ್ತಿಕಾಳು, ನೆನೆಸಿದ ಹಿಂಡಿ. ಕೊನೆಗೆ ಅವನ ಸೊಂಟದಿಂದ ಗಲ್ಲಾ ಕೀಲಿ ಬಿಚ್ಚಿಕೊಂಡಳು. ಮಹಾರಾಯ ಅಲುಗಲಿಲ್ಲ.

ಕೊಟ್ರೇಶಿ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ದನದ ಸಂತೆಯ ದಲ್ಲಾಳಿಯ ದನಿ ತೆಗೆದ.

"ಬರ್ರೀ, ಬರ್ರೀ, ಹೋರಿ ನೋಡ್ರೀ! ಹೊಡೀಬೇಕಂತಿಲ್ಲ, ಬಡೀಬೇಕಂತಿಲ್ಲ, ತಾನ ಬಂದು ನೊಗಕ್ಕ ಕೊಳ್ಳು ಕೊಡತೈತಿ! ಮೇವು ಹಾಕಿದ್ರ ತಿನ್ನೂದಿಲ್ಲ, ಬಿಟ್ಟರ ಮಲಗೂದಿಲ್ಲ. ಸೋಮಾರ ಅಂದ್ರೂ ಕೇಳೂದಿಲ್ಲ!"

ಮುಂದಿನ ಬೆಂಚಿನ ಗಿರಾಕಿಯ ಕೈಯನ್ನು ವಸ್ತ್ರದ ಕೆಳಗೆ ಹಿಡಿದು ಬೆರಳು ಒತ್ತಿದ. ಸಂತೆಯಲ್ಲಿ ವ್ಯಾಪಾರ ಕುದುರಿಸುವುದು ಹಾಗೆಯೇ, ಗುಟ್ಟಾಗಿ. ಗಿರಾಕಿಯೂ ಗತ್ತಿನವನು. ತಲೆ ಅಲ್ಲಾಡಿಸಿ, "ಮೊದಲು ಹಲ್ಲು ನೋಡಬೇಕಪ," ಅಂದ.

ಆ ಮಾತಿಗೆ ಮುರಿಗೆಪ್ಪ ಕಣ್ಣು ಬಿಟ್ಟ.

ಮೊದಲು ಕೈ ಹೋದದ್ದು ಸೊಂಟಕ್ಕೆ. ಕೀಲಿ ಇಲ್ಲ! ಗಾಬರಿಯಿಂದ ಎಡಕ್ಕೆ ತಿರುಗಿದ, ಠಣ್ ಅಂತು. ಬಲಕ್ಕೆ ತಿರುಗಿದ, ಠಣ್ ಠಣ್. ಅನುಮಾನದಿಂದ ಕೊಟ್ರೇಶಿಯನ್ನು ನೋಡಿದ, ಗಂಟೆ ಬಾರಿಸಿತು. ಹೆಂಡತಿಯನ್ನು ನೋಡಿದ, ಮತ್ತೆ ಬಾರಿಸಿತು. ಜೀವಮಾನವೆಲ್ಲ ಸದ್ದಿಲ್ಲದೆ ಬರುತ್ತಿದ್ದ ಅವನ ಅನುಮಾನಗಳು ಅವತ್ತು ಒಂದೊಂದೂ ಊರಿಗೆ ಕೇಳುವಂತೆ ಬಂದವು.

"ಯಾರಲೇ ಇದು? ಏನ್ ಹಚ್ಚೀರಿ?" ಠಣ್ ಠಣ್. "ಕೀಲಿ ಯಾರು ತಗೊಂಡ್ರು?"

ಹಾಲಮ್ಮ ಕೀಲಿ ಎತ್ತಿ ತೋರಿಸಿದಳು. ದನಿ ಜೋಕಿನದಾಗಿರಲಿಲ್ಲ, ಕಣ್ಣು ತುಂಬಿತ್ತು.

"ಅವತ್ತು ನೀವು ಬದು ಹಾರಿ ಹೋಗಿ ಮಂದಿ ಎತ್ತಿನ ಜತ್ತಿಗಿ ಬಿಚ್ಚಿದ್ರಿ. ಇವತ್ತು ನಾ ಬಿಚ್ಚೇನಿ. ಎತ್ತು ಸತ್ತರ ಇನ್ನೊಂದು ತರಬಹುದು ರೀ. ನಿಮ್ಮನ್ನ ಯಾವ ಸಂತ್ಯಾಗಿಂದ ತರ್ಲಿ?"

ಮುರಿಗೆಪ್ಪ ಪಟ್ಟಿ ಕಟ್ಟಿದ ಅಂಗೈ ನೋಡಿಕೊಂಡ. ಗೋಡೆಗೆ ಒರಗಿ ದಾಸವಾಳ ಮುಡಿದಿದ್ದ ನನ್ನನ್ನೂ, ನನ್ನ ಬಿರುಕನ್ನೂ ನೋಡಿದ. ಬುಟ್ಟಿಯೊಳಗೆ ಬೆರಳಾಡಿಸಿದ. ಈಗ ಸಿಡಿಯುತ್ತಾನೆ ಎಂದು ಕೊಟ್ರೇಶಿ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ಲೇ ಕೊಟ್ರೇಶಿ," ಅಂದ ಮುರಿಗೆಪ್ಪ, ಬಹಳ ಗಂಭೀರವಾಗಿ. "ಹಿಂಡಿಗೆ ಉಪ್ಪು ಹಾಕೀಯೋ, ಅದೂ ಎರಡು ಸಲ ಬಿದ್ದೈತೋ?"

ಮೊದಲು ಬೆಂಚು ನಕ್ಕಿತು, ಆಮೇಲೆ ಹಾಲಮ್ಮ ಕಣ್ಣೊರೆಸಿಕೊಂಡು ನಕ್ಕಳು. ಮುರಿಗೆಪ್ಪನ ನಗು ತಡವಾಗಿ ಹೊಟ್ಟೆಯಿಂದ ಎದ್ದುಬಂತು. ಗಂಟೆಯೂ ಅವನ ಜೊತೆ ಕುಣಿಯಿತು. ತಗಡಿನ ಶೆಡ್ಡೇ ನಡುಗುವಂತೆ ನಕ್ಕು ನಕ್ಕು, ಅಲ್ಲೇ ಬೆಂಚಿನ ಮೇಲೆ ಅಡ್ಡಾಗಿ, ಗೊಂಡೆ ಬಿಚ್ಚದೆ ಸಂಜೆಯ ತನಕ ಮಲಗಿದ.

ನನಗೀಗ ವಯಸ್ಸಾಗಿದೆ. ಬಿರುಕು ನಡುವಿನ ತನಕ ಬಂದಿದೆ. ದೊಡ್ಡ ಕೆಲಸಕ್ಕೆ ಹೊಸ ಹಂಚು ಬಂದಿದೆ. ನಾನು ಮೂಲೆಯಲ್ಲಿ ಕೂತು ಮನೆಮಂದಿಗೆ ಒಂದೊಂದೇ ದೋಸೆ ಹಾಕಿಸಿಕೊಳ್ಳುತ್ತೇನೆ. ನನ್ನ ಗುಜರಿ ಭಯ ಪೂರ್ತಿ ಹೋಗಿಲ್ಲ. ಯಾರಾದರೂ ವಿನಾಕಾರಣ ಎಣ್ಣೆ ಸವರಿದರೆ ಈಗಲೂ ಒಮ್ಮೆ ಯೋಚಿಸುತ್ತೇನೆ. ಆದರೆ ಇಷ್ಟು ಕಾಲ ಬೆಂಕಿಯ ಮೇಲೆ ಕೂತು ಕಂಡದ್ದು ಹೇಳುತ್ತೇನೆ: ನನ್ನನ್ನು ಬಿರಿಸಿದ್ದು ಬೆಂಕಿಯಲ್ಲ. ಆರುವುದಕ್ಕೂ ಸಮಯ ಬೇಕು ಎಂಬುದನ್ನು ಒಪ್ಪದ ಆ ಒಂದು ಕೊಡ ನೀರು.

ಸೋಮವಾರ ಹೊಸ ಹಂಚೂ ನನ್ನ ಪಕ್ಕದಲ್ಲಿ ಗೋಡೆಗೆ ಒರಗುತ್ತದೆ. ಮುರಿಗೆಪ್ಪ ಬೆಂಚಿನ ಮೇಲೆ ಮಲಗುತ್ತಾನೆ. ಬಸ್ಸಿಳಿದ ಯಾರೋ ಹೊಸಬರು ಬಾಗಿಲು ಬಡಿದು, "ಯಾಕ್ರೀ ಬಂದ್ ಮಾಡೀರಿ? ಒಳಗ ಯಾರೂ ಇಲ್ಲೇನ್ರಿ?" ಎಂದು ಕೂಗುತ್ತಾರೆ. ಕೊಟ್ರೇಶಿ ಬಾಯಿ ತೆರೆಯುವ ಮೊದಲೇ ಮುರಿಗೆಪ್ಪ ಮೊಳೆಗೆ ತೂಗುಹಾಕಿದ ಗಂಟೆಯತ್ತ ಕೈ ಚಾಚಿ ಒಮ್ಮೆ ಬಾರಿಸಿ, ಒಳಗಿನಿಂದ "ಅಂಬಾ!" ಅನ್ನುತ್ತಾನೆ. ಹೊರಗಿನವರು ಬೆಚ್ಚಿ, "ಏ, ಇದು ಕೊಟ್ಟಿಗಿ ಇದ್ದಂಗ ಐತಿ, ಬಾರೋ," ಎಂದು ಓಡುವ ಸದ್ದು ಕೇಳುತ್ತದೆ. ಹಾಲಮ್ಮ ಸೆರಗು ಬಾಯಿಗಿಟ್ಟು ನಗುತ್ತಾಳೆ, ಕೊಟ್ರೇಶಿ ನೆಲಕ್ಕೆ ಕೂತು ನಗುತ್ತಾನೆ. ಅವರಿಬ್ಬರ ನಗುವನ್ನೂ ಮುಳುಗಿಸಿ, ಬೆಂಚು ಕಿರುಗುಟ್ಟುವಂತೆ, ಆ ಹೋರಿ ನಗುತ್ತದೆ.